ಕಾಯ್‌ಮೀಮಾಂಸೆ ಅಥವಾ ಅಟ್ಟದ ಬಾಡಿಗೆಯ ಪ್ರಶ್ನೆ

ಕನ್ನಡದಲ್ಲಿ ಮರದಲ್ಲಿ ತೂಗುವುದು ಕಾಯಿ. ಬಸ್ಸು ಬಾರದ ನಿಲ್ದಾಣದಲ್ಲಿ ನಿಂತವನು ಮಾಡುವುದು ಕಾಯುವುದು. ಒಲೆಯ ಮೇಲಿನ ಬಾಣಲೆ ಮಾಡುವುದೂ ಕಾಯುವುದೇ. ತೋಟದ ನಾಯಿ ಮಾಡುವುದೂ ಅದೇ. ಇವೆಲ್ಲ ಒಂದೇ ಧಾತುವಿನವಲ್ಲ, ಸದ್ದು ಮಾತ್ರ ಒಂದಾಗಿದೆ ಎಂದು ವ್ಯಾಕರಣ ಬಲ್ಲವರು ತಿದ್ದಬಹುದು. ಅವರು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಯಾವುದಾದರೊಂದು ಅಟ್ಟವನ್ನು ಹತ್ತಿ ನೋಡಬೇಕೆಂದು ವಿನಂತಿ. ಅಲ್ಲಿ ಕಾಯಿ ಕಾಯುತ್ತಿರುತ್ತದೆ, ಕೆಳಗಿನ ಹೊಗೆಗೆ ಅಷ್ಟಿಷ್ಟು ಕಾಯುತ್ತಲೂ ಇರುತ್ತದೆ, ಅದನ್ನು ಇಲಿಯಿಂದ ಕಾಯುವ ರೈತ ಬೆಲೆಗಾಗಿ ಬೇರೆ ಕಾಯುತ್ತಿರುತ್ತಾನೆ. ಧಾತುಗಳು ಎಷ್ಟೇ ಇರಲಿ, ಅಟ್ಟ ಒಂದೇ. ವಿದೇಶಿ ಫೆಲೋಶಿಪ್ಪಿಗೆ ಅರ್ಜಿ ಹಾಕಿ ಉತ್ತರಕ್ಕಾಗಿ ಕೂತ ಅಭ್ಯರ್ಥಿಯ ಸ್ಥಿತಿಯನ್ನು ವಿವರಿಸಲು ಮನಃಶಾಸ್ತ್ರವೂ ಸಾಲದು, ಜ್ಯೋತಿಷ್ಯವೂ ಸಾಲದು. ಅದಕ್ಕೆ ತಕ್ಕ ಶಾಸ್ತ್ರ ಉಂಡೆ ಕೊಬ್ಬರಿಯದು ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಆ ಶಾಸ್ತ್ರದಿಂದ ಒಂದು ಲೆಕ್ಕಾಚಾರವೂ ಹೊರಡುತ್ತದೆ: ಕಾಯುವುದೆಂದರೆ ದಾಸ್ತಾನು, ದಾಸ್ತಾನಿಗೆ ಬಾಡಿಗೆಯುಂಟು, ಆ ಬಾಡಿಗೆಯನ್ನು ಇಲ್ಲಿಯತನಕ ಅಭ್ಯರ್ಥಿಗೆ ಯಾರೂ ಕೊಟ್ಟಿಲ್ಲ.

ಮೊದಲು ವಸ್ತುಸ್ಥಿತಿ. ಗಾಣಕ್ಕೆ ಹೋಗುವ ಕೊಬ್ಬರಿಯನ್ನು ಕಾಯಿ ಒಡೆದು, ಹೋಳನ್ನು ಬಿಸಿಲಿಗೆ ಹಾಕಿ ಕೆಲವೇ ದಿನಗಳಲ್ಲಿ ಒಣಗಿಸಬಹುದು. ಉಂಡೆ ಕೊಬ್ಬರಿಗೆ ಆ ಸುಲಭದ ದಾರಿಯಿಲ್ಲ. ಮರದಲ್ಲಿ ಹನ್ನೊಂದು ಹನ್ನೆರಡು ತಿಂಗಳು ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಇನ್ನೊಂದು ಎಂಟರಿಂದ ಹನ್ನೆರಡು ತಿಂಗಳು ಸುಮ್ಮನೆ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪಿನ ಹಿಡಿತ ಬಿಟ್ಟು ಇಡಿಯಾಗಿ ಕಳಚಿಕೊಳ್ಳಬೇಕು. ಅಲ್ಲಾಡಿಸಿ ನೋಡಿದರೆ ಮೊದಮೊದಲು ಕುಳುಕುಳು ಎನ್ನುವ ಕಾಯಿ ನಡುವೆ ಮೂಕಾಗಿ, ಕಡೆಗೆ ಗಡಗಡ ಎನ್ನುತ್ತದೆ. ಅರ್ಜಿದಾರನ ಧ್ವನಿಚರಿತ್ರೆಯೂ ಇಷ್ಟೇ. ಅರ್ಜಿ ಕಳಿಸಿದ ಮೊದಲ ತಿಂಗಳಲ್ಲಿ ಅವನು ತನ್ನ ಸಂಶೋಧನಾ ಯೋಜನೆಯ ಕುರಿತು ಹೋದಲ್ಲೆಲ್ಲ ಕುಳುಕುತ್ತಾನೆ. ನಾಲ್ಕನೆಯ ತಿಂಗಳ ಹೊತ್ತಿಗೆ ಮದುವೆಮನೆಗಳಲ್ಲಿ ಯಾರಾದರೂ ‘ಏನಾಯ್ತಪ್ಪಾ ನಿನ್ನ ಜರ್ಮನಿ?’ ಎಂದರೆ ಸದ್ದಿಲ್ಲ. ಕೊನೆಯ ವಾರಗಳಲ್ಲಿ ಫೋನು ಟಿಣ್ ಎಂದರೂ ಸಾಕು, ಒಳಗಿನದೇನೋ ಚಿಪ್ಪಿಗೆ ಬಡಿಯುತ್ತದೆ. ಅವಧಿಯ ಹೋಲಿಕೆಯೂ ಗಮನಾರ್ಹ. ಯುರೋಪಿನ ಮಾರಿ ಸ್ಕ್ಲೊಡೊವ್‌ಸ್ಕ ಕ್ಯೂರಿ ಫೆಲೋಶಿಪ್ಪಿನ ಅರ್ಜಿ ಸೆಪ್ಟೆಂಬರಿನಲ್ಲಿ ಮುಗಿದರೆ ಫಲಿತಾಂಶ ಫೆಬ್ರವರಿಗೆ. ಜರ್ಮನಿಯ ಹುಂಬೋಲ್ಟ್ ಪ್ರತಿಷ್ಠಾನದ್ದು ನಾಲ್ಕರಿಂದ ಏಳು ತಿಂಗಳು. ಫುಲ್‌ಬ್ರೈಟ್–ನೆಹರೂ ಆದರೆ ಈ ವರ್ಷ ಅರ್ಜಿ, ವಿಮಾನ ಮುಂದಿನ ವರ್ಷ. ಮೊದಲಿನವೆರಡು ಅಟ್ಟದ ಅಳತೆಗೆ ಕೊಂಚ ಹಸಿ. ಮೂರನೆಯದು ಪಕ್ಕಾ ತಿಪಟೂರು ಪದ್ಧತಿ. ಪ್ರಾಧ್ಯಾಪಕರ ಶಿಫಾರಸು ಪತ್ರಗಳ ಸ್ಥಾನ ಇಲ್ಲಿ ಅಟ್ಟದ ಕೆಳಗಿನ ಹೊಗೆಯದು. ಹಿತಮಿತವಾಗಿದ್ದರೆ ಬೂಷ್ಟು ಹಿಡಿಯುವುದಿಲ್ಲ. ಜಾಸ್ತಿಯಾದರೆ ಕೊಬ್ಬರಿ ಕಪ್ಪಾಗಿ, ಕೊಳ್ಳುವವನಿಗೆ ಅನುಮಾನ ಬರುತ್ತದೆ.

ಈ ಸೀಮೆಗೆ ಮೀಮಾಂಸೆ ಹೊಸದಲ್ಲ. ‘ಭಾರತೀಯ ಕಾವ್ಯಮೀಮಾಂಸೆ’ ಬರೆದ ತೀ.ನಂ. ಶ್ರೀಕಂಠಯ್ಯನವರು ಹುಟ್ಟಿದ್ದು 1906ರಲ್ಲಿ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಕನ್ನಡಿಗರಿಗೆ ರಸ, ಭಾವ, ಧ್ವನಿಗಳ ಲೆಕ್ಕ ತಿಳಿಹೇಳಿದವರು ಕಾಯಿಸೀಮೆಯವರು ಎಂಬುದು ಕಾಕತಾಳೀಯ ಎನ್ನುವವರು ಅನ್ನಲಿ. ಅಲಂಕಾರಶಾಸ್ತ್ರ ಎಣಿಸುವ 33 ವ್ಯಭಿಚಾರಿ ಭಾವಗಳಲ್ಲಿ ಶಂಕೆ, ಚಿಂತೆ, ಔತ್ಸುಕ್ಯ, ಗ್ಲಾನಿ, ಜಡತೆ, ವಿಷಾದ, ನಿರ್ವೇದಗಳನ್ನು ಒಬ್ಬ ಅಭ್ಯರ್ಥಿ ಬೆಳಗಿನ ಕಾಫಿಗೂ ಮಧ್ಯಾಹ್ನದ ಮುದ್ದೆಗೂ ನಡುವೆ ಮುಗಿಸಬಲ್ಲ. ನಾಯಿಕಾಭೇದವಂತೂ ಅವನಿಗೆಂದೇ ಮಾಡಿದಂತಿದೆ. ಪಾಸ್‌ಪೋರ್ಟು ಮಾಡಿಸಿ, ಉಣ್ಣೆಯ ಕೋಟು ಕೊಂಡು, ತೂಕದ ಮಿತಿಗೆ ತಕ್ಕ ಪೆಟ್ಟಿಗೆಯನ್ನೂ ತಂದಿಟ್ಟುಕೊಂಡವನು ವಾಸಕಸಜ್ಜಿಕೆ. ತಡವೇಕಾಯಿತೆಂದು ಕಾರಣ ಹುಡುಕುತ್ತ ನಿದ್ದೆಗೆಡುವವನು ವಿರಹೋತ್ಕಂಠಿತೆ. ಬರುತ್ತೇನೆಂದ ಉತ್ತರ ಹೇಳಿದ ದಿನಕ್ಕೆ ಬಾರದೆ, ಒಡವೆ ಕಳಚಿ ಎಸೆಯುವಂತೆ ಕೋಟನ್ನು ಬೀರುವಿನ ತಳಕ್ಕೆ ತಳ್ಳಿದವನು ವಿಪ್ರಲಬ್ಧೆ. ಆದರೆ ಪ್ರಾಚೀನರು ಒಂದನ್ನು ಬಿಟ್ಟರು. ಆ ನಾಯಿಕೆಯ ಊಟ, ಎಣ್ಣೆ, ಬತ್ತಿಯ ಖರ್ಚು ಯಾರದು ಎಂದು ಭರತನೂ ಕೇಳಲಿಲ್ಲ, ಭಾನುದತ್ತನೂ ಕೇಳಲಿಲ್ಲ. ಅದನ್ನು ಕೇಳುವ ಅಭ್ಯಾಸ ಇರುವುದು ತೆಂಗು ಬೆಳೆಗಾರನಿಗೆ.

ಏಕೆಂದರೆ ಬೆಳೆಗಾರನ ಮುಂದೆ ಕಾಯಿ ಕೆಡವಿದ ದಿನವೇ ಎರಡು ದಾರಿಗಳಿವೆ. ಹಸಿಕಾಯಿಯಾಗಿ ಮಾರಿ ಸಂಜೆಗೇ ದುಡ್ಡು ಎಣಿಸಬಹುದು; ಇಲ್ಲವೇ ಅಟ್ಟಕ್ಕೆ ಏರಿಸಿ ವರ್ಷ ಕಾಯಬಹುದು. ಎರಡನೆಯದನ್ನು ಹಿಡಿದವನು ಅಟ್ಟದ ಬೊಂಬು, ಇಲಿಯ ಪಾಲು, ಕೌಟು ಹೋಗುವ ಕಾಯಿ, ಸಂಘದ ಸಾಲದ ಬಡ್ಡಿ ಎಲ್ಲವನ್ನೂ ಮನಸ್ಸಿನಲ್ಲೇ ಕೂಡಿ, ಅದು ಕೊಬ್ಬರಿಯ ಬೆಲೆಯಲ್ಲಿ ಹುಟ್ಟುತ್ತದೆಯೇ ಎಂದು ನೋಡುತ್ತಾನೆ. ಹುಟ್ಟದಿದ್ದರೆ ಬೈಯುತ್ತಾನೆ, ಆದರೆ ಏನನ್ನು ಕಳೆದುಕೊಂಡೆ ಎಂದು ಅವನಿಗೆ ಗೊತ್ತಿರುತ್ತದೆ. ವಿದ್ವಾಂಸನಿಗೆ ಈ ಲೆಕ್ಕವಿಲ್ಲ. ಅವನು ಕಾಯುವ ತಿಂಗಳುಗಳಲ್ಲಿ ಖಾಯಂ ಕೆಲಸದ ಜಾಹೀರಾತನ್ನು ‘ಹೇಗೂ ಹೋಗುತ್ತೇನಲ್ಲ’ ಎಂದು ಬಿಡುತ್ತಾನೆ, ಬಾಡಿಗೆ ಮನೆಯ ಕರಾರನ್ನು ನವೀಕರಿಸುವುದಿಲ್ಲ, ಅತಿಥಿ ಉಪನ್ಯಾಸಕನಾಗಿ ಮುಂದಿನ ಸೆಮಿಸ್ಟರಿಗೆ ಮಾತು ಕೊಡುವುದಿಲ್ಲ, ಹಲ್ಲುನೋವಿಗೆ ವೈದ್ಯರ ಬಳಿಯೂ ಹೋಗುವುದಿಲ್ಲ. ಇವೆಲ್ಲ ಖರ್ಚೇ. ಬಾನ್, ಬ್ರಸೆಲ್ಸ್, ವಾಷಿಂಗ್ಟನ್ನುಗಳ ಸಮಿತಿಗಳು ತಮಗೆ ಬೇಕಾದ ನೂರು ಜನರಿಗಾಗಿ ಸಾವಿರ ಜನರನ್ನು ಬಲಿತ ಸ್ಥಿತಿಯಲ್ಲಿ ಇಟ್ಟುಕೊಳ್ಳುತ್ತವೆ. ಇಟ್ಟುಕೊಳ್ಳಲು ಅವುಗಳಿಗೆ ಗೋದಾಮೇ ಬೇಕಿಲ್ಲ, ಪ್ರತಿ ಅಭ್ಯರ್ಥಿಯೂ ತನ್ನ ಅಟ್ಟವನ್ನು ತಾನೇ ಹೊತ್ತು ತಿರುಗುತ್ತಾನೆ.

ಇಲ್ಲಿ ಮಂಡಿಯ ಭಾಷೆಯಿಂದ ಒಂದು ಪುರಾವೆ. ತಿಪಟೂರಿನ ಎಪಿಎಂಸಿಯಲ್ಲಿ ಬೆಲೆ ಬಿದ್ದ ದಿನ ಕೇಳಿಬರುವ ಕಾರಣ ಒಂದೇ: ‘ಆವಕ ಜಾಸ್ತಿ.’ ಫೆಲೋಶಿಪ್ಪಿನ ತಿರಸ್ಕಾರ ಪತ್ರದ ಎರಡನೆಯ ವಾಕ್ಯವನ್ನು ಬಿಡಿಸಿ ನೋಡಿದರೆ ಅಲ್ಲಿಯೂ ಇರುವುದು ಅದೇ. ಈ ವರ್ಷ ಹಿಂದೆಂದಿಗಿಂತ ಹೆಚ್ಚು, ಅದೂ ಅತ್ಯುತ್ತಮ ಗುಣಮಟ್ಟದ, ಅರ್ಜಿಗಳು ಬಂದಿದ್ದವಂತೆ. ಹೋದ ವರ್ಷವೂ ಹಾಗೇ ಬಂದಿದ್ದವು. ನ್ಯಾಯವಾಗಿ ಹೇಳಬೇಕೆಂದರೆ ಮಾತು ಸುಳ್ಳಲ್ಲ. ಕ್ಯೂರಿ ಫೆಲೋಶಿಪ್ಪಿಗೆ 2024ರಲ್ಲಿ 10,360 ಅರ್ಜಿಗಳು ಬಂದಿದ್ದವು, 2025ರಲ್ಲಿ 17,058. ಉತ್ತರ ಭಾರತದ ಹಬ್ಬಗಳಿಗೆ ಬೇಡಿಕೆ ಎದ್ದರೆ ಇಲ್ಲಿ ಉಂಡೆ ಕೊಬ್ಬರಿಗೆ ಬೆಲೆ. ಯುರೋಪಿನಲ್ಲಿ ಯಾವ ಹಬ್ಬವೂ ಇಲ್ಲದೆ ಆವಕವೊಂದೇ ಏರಿದರೆ ಏನಾಗುತ್ತದೆಂದು ಮಂಡಿಯ ಹಮಾಲಿಯೂ ಹೇಳಬಲ್ಲ. ಇದೇ ಫೆಲೋಶಿಪ್ಪಿನಲ್ಲಿ ನೂರಕ್ಕೆ 85 ಅಥವಾ ಅದಕ್ಕಿಂತ ಹೆಚ್ಚು ಅಂಕ ಪಡೆದೂ ಹಣ ಸಿಗದವರಿಗೆ ‘ಉತ್ಕೃಷ್ಟತೆಯ ಮುದ್ರೆ’ ಎಂಬ ಪ್ರಮಾಣಪತ್ರ ಕೊಡುವ ಪದ್ಧತಿಯಿದೆ. ಮಾಲು ಚೆನ್ನಾಗಿದೆ, ನಮ್ಮಲ್ಲಿ ದುಡ್ಡಿಲ್ಲ, ಬೇರೆ ಯಾರಾದರೂ ಕೊಂಡರೆ ಕೊಳ್ಳಲಿ ಎಂದರ್ಥ. ಖರೀದಿ ಕೇಂದ್ರ ತೆರೆಯದೆ ಬೆಂಬಲ ಬೆಲೆ ಘೋಷಿಸಿದರೆ ಹೇಗಿರುತ್ತದೆಂದು ನಮ್ಮವರಿಗೆ ಯಾರೂ ವಿವರಿಸಬೇಕಿಲ್ಲ.

ಈಗ ಆಕ್ಷೇಪಗಳು. ಮೊದಲನೆಯದು, ಕಾಯಿಗೆ ಆಸೆಯಿಲ್ಲ, ಅದು ಮೇಲ್ ನೋಡುವುದಿಲ್ಲ. ಆದ್ದರಿಂದ ಹೋಲಿಕೆ ಸಲ್ಲದು ಎಂಬುದು. ಇದು ಹೋಲಿಕೆಯನ್ನು ಮುರಿಯುವುದಿಲ್ಲ, ಅಭ್ಯರ್ಥಿಯ ದೋಷವನ್ನು ತೋರಿಸುತ್ತದೆ. ಕಾಯನ್ನು ಅಲ್ಲಾಡಿಸುವುದು ಒಣಗಿದೆಯೇ ಎಂದು ತಿಳಿಯಲು. ಅಲ್ಲಾಡಿಸಿದ್ದರಿಂದ ಯಾವ ಕಾಯಿಯೂ ಬೇಗ ಒಣಗಿದ್ದಿಲ್ಲ. ದಿನಕ್ಕೆ ನಲವತ್ತು ಬಾರಿ ಮೇಲ್ ತೆರೆಯುವವನು ತನ್ನನ್ನು ತಾನೇ ನಲವತ್ತು ಬಾರಿ ಅಲ್ಲಾಡಿಸಿಕೊಳ್ಳುತ್ತಾನೆ. ಎ.ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ಪಡೆದು ಇಂಡಿಯಾನಾಕ್ಕೆ ಹೊರಟ ಕಾಲದಲ್ಲಿ, ಅನಂತಮೂರ್ತಿ 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಿಂದ ಬರ್ಮಿಂಗ್‌ಹ್ಯಾಮ್ ಸೇರಿದ ಕಾಲದಲ್ಲಿ, ಕಾಗದ ತರುವವನು ಅಂಚೆಯವನು. ಅವನು ಬಂದು ಹೋದಮೇಲೆ ಆ ದಿನದ ಆಸೆ ಮುಗಿಯಿತು. ಮನುಷ್ಯ ನಾಳೆಯವರೆಗೆ ಬೇರೆ ಕೆಲಸ ನೋಡಬಹುದಿತ್ತು. ಆಗ ಪತ್ರ ನಿಧಾನವಾಗಿತ್ತು, ಕಾಯುವಿಕೆ ಚಿಕ್ಕದಿತ್ತು. ಈಗ ಪತ್ರ ಕ್ಷಣದಲ್ಲಿ ಬರುತ್ತದೆ, ಆದ್ದರಿಂದ ಎಲ್ಲ ಕ್ಷಣಗಳಲ್ಲೂ ಬಾರದಿರುತ್ತದೆ.

ಎರಡನೆಯ ಆಕ್ಷೇಪ ಧಾರ್ಮಿಕ ಮೂಲದ್ದು: ಕಾಯುವುದು ತಪಸ್ಸು, ಅದಕ್ಕೆ ಬಾಡಿಗೆ ಕೇಳುವುದು ಸಣ್ಣತನ, ತುರುವೇಕೆರೆಯ ಗಂಗಾಧರೇಶ್ವರನ ಮುಂದಿನ ಕರಿಕಲ್ಲಿನ ನಂದಿಯನ್ನು ನೋಡಿ ಕಲಿಯಬೇಕು, ಶತಮಾನಗಳಿಂದ ಕೂತಿದೆ, ಹೊಳಪು ಕೂಡ ಮಾಸಿಲ್ಲ. ಒಪ್ಪತಕ್ಕ ಮಾತು. ಆದರೆ ನಂದಿಗೆ ವಯೋಮಿತಿಯಿಲ್ಲ. ಪಿಎಚ್‌.ಡಿ. ಮುಗಿಸಿ ಇಂತಿಷ್ಟು ವರ್ಷ ದಾಟಿರಬಾರದೆಂಬ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ. ಅಲ್ಲದೆ ಅದು ಕೂತಿರುವುದು ದೇವಸ್ಥಾನದ ಜಾಗದಲ್ಲಿ, ಬಾಡಿಗೆಯ ಪ್ರಶ್ನೆಯೇ ಏಳುವುದಿಲ್ಲ.

ಮೂರನೆಯದು ಗಟ್ಟಿ ಆಕ್ಷೇಪ, ಅದಕ್ಕೆ ಸ್ವಲ್ಪ ನಿಲ್ಲಬೇಕು. ಯಾರೂ ಬಲವಂತ ಮಾಡಿಲ್ಲ, ಆಯ್ಕೆಯಾದರೆ ಲಾಭ ಅವನದೇ, ಆದ್ದರಿಂದ ಕಾಯುವ ಖರ್ಚೂ ಅವನದೇ ಎಂಬುದು. ಲಾಭ ಖಚಿತವಾಗಿದ್ದರೆ ಈ ವಾದ ನಿಲ್ಲುತ್ತಿತ್ತು. ಆದರೆ ಹರಾಜು ಕೂಗಿ, ಚೀಟಿ ಬರೆದ ಮೇಲೂ ಲಾರಿ ಹತ್ತದ ಕೊಬ್ಬರಿಯೂ ಇದೆ. ಪರಿಶಿಷ್ಟ ಜಾತಿ, ಅಲೆಮಾರಿ, ಭೂಹೀನ ಕೂಲಿಕಾರರ ಮನೆಗಳ ಮಕ್ಕಳಿಗೆ ವಿದೇಶದಲ್ಲಿ ಓದಲು ಕೇಂದ್ರ ಸರ್ಕಾರ ಕೊಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ 2025ರಲ್ಲಿ 106 ಜನ ಆಯ್ಕೆಯಾದರು. ತಾತ್ಕಾಲಿಕ ಮಂಜೂರಾತಿ ಪತ್ರ ಮೊದಲಿಗೆ ಹೋದದ್ದು 40 ಮಂದಿಗೆ, ಉಳಿದವರದು ಹಣದ ಲಭ್ಯತೆಗೆ ಒಳಪಟ್ಟಿತು. ಅದೇ ವರ್ಷದ ಜೂನಿನಲ್ಲಿ ಅಮೆರಿಕದ ಫುಲ್‌ಬ್ರೈಟ್ ಮಂಡಳಿಯ ಬಹುತೇಕ ಸದಸ್ಯರು, ತಾವು ಆರಿಸಿದ ಹಲವರನ್ನು ಅಲ್ಲಿನ ಸರ್ಕಾರ ಕೈಬಿಟ್ಟಿತೆಂದು ದೂರಿ ರಾಜೀನಾಮೆ ಕೊಟ್ಟರು. ಸೆಮಿಸ್ಟರು ಶುರುವಾಗುವ ದಿನ ಮಾತ್ರ ಯಾರ ಲಭ್ಯತೆಗೂ ಒಳಪಟ್ಟಿರುವುದಿಲ್ಲ. ಬೆಳೆಗಾರನಿಗೆ ಬೆಲೆ ಬೀಳುತ್ತಿದ್ದರೆ ಅಟ್ಟದಿಂದ ಇಳಿಸದೆ ಇನ್ನೆರಡು ತಿಂಗಳು ತಡೆಯುವ ಅಧಿಕಾರವಾದರೂ ಉಂಟು. ಅಭ್ಯರ್ಥಿಗೆ ಅದೂ ಇಲ್ಲ; ಅವನು ಕಾಯಿಯೂ ಹೌದು, ಬೆಳೆಗಾರನೂ ಹೌದು, ವರ್ತಕ ಮಾತ್ರ ಅಲ್ಲ. ಹೋಲಿಕೆ ಕುಂಟುವುದು ಇಲ್ಲಿ, ಕುಂಟುವುದು ಬಾಡಿಗೆಯ ವಾದದ ಪರವಾಗಿಯೇ.

ಹಾಗಾದರೆ ಬಾಡಿಗೆ ಎಷ್ಟು? ದರವನ್ನು ಹೊಸದಾಗಿ ಹುಡುಕಬೇಕಿಲ್ಲ, ಭಾರತ ಸರ್ಕಾರವೇ ನಿಗದಿ ಮಾಡಿದೆ. ಉಂಡೆ ಕೊಬ್ಬರಿಯ ಕನಿಷ್ಠ ಬೆಂಬಲ ಬೆಲೆ 2024ರ ಹಂಗಾಮಿಗೆ ಕ್ವಿಂಟಲಿಗೆ 12,000 ರೂಪಾಯಿ, 2025ಕ್ಕೆ 12,100. ಅಂದರೆ ಒಂದು ವರ್ಷ ಹೆಚ್ಚಿಗೆ ಕಾದದ್ದಕ್ಕೆ ಕ್ವಿಂಟಲಿಗೆ 100 ರೂಪಾಯಿ, ಕಿಲೋಗೆ 1 ರೂಪಾಯಿ. ಅಭ್ಯರ್ಥಿಯನ್ನು 60 ಕಿಲೋ ಎಂದು ಹಿಡಿದರೆ ವರ್ಷಕ್ಕೆ 60 ರೂಪಾಯಿ ಬಾಕಿ. 2023ರಿಂದ 2024ಕ್ಕೆ ಬೆಲೆ 11,750ರಿಂದ 12,000ಕ್ಕೆ ಏರಿದ್ದರಿಂದ ಆ ವರ್ಷ ಕಾದವರಿಗೆ 150 ರೂಪಾಯಿ ಸಲ್ಲುತ್ತದೆ. ಹಿಂಬಾಕಿ ಕೇಳುವವರು ಇದನ್ನು ಮರೆಯಬಾರದು. ಕಾಯುವಾಗ ಊಟ ಸೇರದೆ ಇಳಿಯುವ ತೂಕವನ್ನು ಕಳೆಯಬೇಕೆ ಎಂಬ ಪ್ರಶ್ನೆಗೆ ಕೊಬ್ಬರಿಶಾಸ್ತ್ರದ ಉತ್ತರ ಸ್ಪಷ್ಟ: ತೇವ ಇಳಿದಷ್ಟೂ ಮಾಲು ಮೇಲ್ದರ್ಜೆಯದು, ಆದ್ದರಿಂದ ತೂಕವನ್ನು ಅರ್ಜಿ ಹಾಕಿದ ದಿನದ್ದೇ ಹಿಡಿಯತಕ್ಕದ್ದು. ಮೊತ್ತ ಚಿಕ್ಕದಾಯಿತೆಂದು ವಿದ್ವಾಂಸರು ಮೂಗು ಮುರಿದರೆ, ಇದೇ ದರದಲ್ಲಿ ಅಟ್ಟ ತುಂಬಿಸಿ ಮಗಳ ಮದುವೆ ಮಾಡುವವರನ್ನು ಒಮ್ಮೆ ಮಾತಾಡಿಸಲಿ.

ಕೊನೆಗೊಂದು ವಸ್ತು ಬಾಡಿಗೆಯ ಲೆಕ್ಕಕ್ಕೆ ಸಿಗದೆ ಉಳಿಯುತ್ತದೆ: ಅಟ್ಟದಲ್ಲೇ ಮೊಳೆಯುವ ಕಾಯಿ. ತೇವ ತಾಕಿಯೋ ತಳಿಯ ಗುಣದಿಂದಲೋ ಕೆಲವು ಕಾಯಿ ಒಣಗುವ ಬದಲು ಮೊಳಕೆ ಒಡೆದುಬಿಡುತ್ತವೆ. ವಿದೇಶಕ್ಕೆ ಹೊರಟವರಲ್ಲೂ ಹೀಗೆ ಮೊಳೆತವರುಂಟು. ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿಯಾಗಿ 1960ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ‘ಯಯಾತಿ’ ಬರೆದದ್ದು ಹೊರಡುವ ಮುಂಚಿನ ಆ ತಳಮಳದ ದಿನಗಳಲ್ಲಿ. ಮೊಳೆತ ಕಾಯಿ ಹರಾಜಿಗೆ ಹೋಗುವುದಿಲ್ಲ, ಯಾವ ಕೇಂದ್ರವೂ ಅದನ್ನು ಕೊಳ್ಳುವುದಿಲ್ಲ, ಒಡೆದರೆ ಒಳಗೆ ಹತ್ತಿಯುಂಡೆಯಂಥ ಮೊಳಕೆ, ಮಕ್ಕಳು ಹಂಚಿಕೊಂಡು ತಿನ್ನುತ್ತವೆ. ಒಡೆಯದೆ ಬದುವಿನಲ್ಲಿ ಒಂದು ಗುಂಡಿ ತೆಗೆದು ಊರಿದರೆ ಗಿಡವಾಗುತ್ತದೆ. ತಿಪಟೂರಿನ ಎತ್ತರದ ತಳಿಯಾದರೆ ಮೊದಲ ಹೊಂಬಾಳೆ ಬಿಡಲು ಆರೇಳು ವರ್ಷ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಒಂದು ಪಿಎಚ್‌.ಡಿ.ಗೂ ಹೆಚ್ಚುಕಡಿಮೆ ಅಷ್ಟೇ ಹಿಡಿಯುತ್ತದೆ, ನೀರು ಹಾಯಿಸುವವರಿದ್ದರೆ.