ಒಂದು ಮಂಚ, ಎರಡು ಪಾಳಿ

ಲಂಡನ್ನಿನಲ್ಲಿ ಮನೆ ಬಾಡಿಗೆ ಅಗ್ಗವಾಗಿದ್ದಿದ್ದರೆ ಟಿಫಿ ಮೂರ್ ಎಂಬ ಹುಡುಗಿಗೂ ಲಿಯೊನ್ ಟೂಮಿ ಎಂಬ ಹುಡುಗನಿಗೂ ಪ್ರೇಮ ಹಾಗಿರಲಿ, ಪರಿಚಯವೂ ಆಗುತ್ತಿರಲಿಲ್ಲ. ಬೆತ್ ಓಲಿಯರಿಯ ‘ದಿ ಫ್ಲ್ಯಾಟ್‌ಶೇರ್’ ಕಾದಂಬರಿ ಬಂದದ್ದು 2019ರಲ್ಲಿ. ಅದರಲ್ಲಿರುವುದು ಒಂದೇ ಬೆಡ್‌ರೂಮಿನ ಫ್ಲ್ಯಾಟು, ಅದರೊಳಗೆ ಒಂದೇ ಮಂಚ. ಲಿಯೊನ್ ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ರಾತ್ರಿಪಾಳಿಯ ನರ್ಸು. ಜೈಲಿನಲ್ಲಿರುವ ತಮ್ಮನ ಕೇಸಿಗೆ ದುಡ್ಡು ಹೊಂದಿಸಬೇಕು. ಟಿಫಿ ಹೊಲಿಗೆ-ಹೆಣಿಗೆಯಂಥ ಕೈಕೆಲಸದ ಪುಸ್ತಕ ಹೊರತರುವ ಪ್ರಕಾಶನದಲ್ಲಿ ಸಹಾಯಕ ಸಂಪಾದಕಿ. ಕೈಕೊಟ್ಟ ಗೆಳೆಯನ ಮನೆ ಖಾಲಿ ಮಾಡಬೇಕು, ಬರುವ ಸಂಬಳದಲ್ಲಿ ಬೇರೆ ಮನೆ ಕನಸಿನ ಮಾತು. ಹಾಗಾಗಿ ಲಿಯೊನ್ ತನ್ನ ಫ್ಲ್ಯಾಟಿನ ಪಾಲು ಬಾಡಿಗೆಗಿದೆ ಎಂದು ಕೊಟ್ಟ ಜಾಹೀರಾತಿಗೆ ಅವಳು ಒಪ್ಪುತ್ತಾಳೆ: ತಿಂಗಳಿಗೆ 350 ಪೌಂಡು, ಎಲ್ಲ ಬಿಲ್ಲೂ ಸೇರಿ. ರಾತ್ರಿ ಮಂಚ ಅವಳದು, ಹಗಲು ಅವನದು. ಲಿಯೊನನ ಆಗಿನ ಗೆಳತಿ ಕೇ ಎಂಬಾಕೆ ತಾನೇ ನಿಂತು ಟಿಫಿಗೆ ಮನೆ ತೋರಿಸಿ, ಇವರಿಬ್ಬರೂ ಮುಖಾಮುಖಿಯಾಗಕೂಡದು ಎಂದು ಕಟ್ಟಪ್ಪಣೆ ಮಾಡುತ್ತಾಳೆ. ಪಾಪ, ಅವಳಿಗೆ ಕಾದಂಬರಿ ಓದುವ ಅಭ್ಯಾಸ ಇರಲಿಲ್ಲವೆಂದು ಕಾಣುತ್ತದೆ.

ಈ ಪುಸ್ತಕ ನನ್ನ ಕೈಗೆ ಬಂದದ್ದು ಅಕ್ಕನ ಮಗಳಿಂದ. ಅವಳು ಬೆಂಗಳೂರಿನ ಪಿ.ಜಿ.ಯೊಂದರಲ್ಲಿ ಇಬ್ಬರು ಹುಡುಗಿಯರ ಜೊತೆ ಒಂದು ಕೋಣೆಯಲ್ಲಿದ್ದಾಳೆ. “ಚಿಕ್ಕಮ್ಮ, ಇದು ಸ್ಲೋ ಬರ್ನ್, ನಿಧಾನಕ್ಕೆ ಹೊತ್ತಿಕೊಳ್ಳೋ ಪ್ರೇಮ. ಅಮ್ಮನಿಗೆ ಕೊಡಬೇಡಿ, ಅವಳು ಕೊನೇ ಪುಟ ಮೊದಲು ಓದ್ತಾಳೆ” ಎಂದಳು. ಆದರೆ ಸಾಗರದಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಕಥೆ ಹೇಳದೆ ನಾನು ಯಾವ ಪುಸ್ತಕವನ್ನೂ ಓದಿದವಳಲ್ಲ. ರಾತ್ರಿ ಊಟವಾದ ಮೇಲೆ ವರದಿ ಒಪ್ಪಿಸಬೇಕು.

“ಎಲ್ಲಿಗೆ ಬಂತೇ?”

“ಇನ್ನೂ ಚೀಟಿಯಲ್ಲೇ ಇದಾರೆ.”

“ಮುಖ ನೋಡಿದ್ರಾ?”

“ಇಲ್ಲ. ಅವಳು ಏನೋ ತಿಂಡಿ ಮಾಡಿಟ್ಟು ಚೀಟಿ ಅಂಟಿಸಿದ್ದಾಳೆ. ಅವನು ತಿಂದು, ಕೆಳಗೆ ಉತ್ತರ ಬರೆದಿದಾನೆ.”

“ಅಷ್ಟೇನಾ?”

ಅಷ್ಟೇ. ಆದರೆ ಆ ‘ಅಷ್ಟೇ’ಯನ್ನು ಕೇಳಿಸಿಕೊಳ್ಳಲು ಅಕ್ಕ ಒಂಬತ್ತು ಗಂಟೆಯ ಸೀರಿಯಲ್ಲನ್ನು ಮ್ಯೂಟ್ ಮಾಡಿ ಕೂತಿರುತ್ತಿದ್ದಳು ಎಂಬುದನ್ನೂ ಹೇಳಬೇಕು. ಅವಳ ಸೀರಿಯಲ್ಲಿನಲ್ಲಿ ಆ ಹೊತ್ತಿಗೆ ಎರಡು ಮದುವೆ, ಒಂದು ವಿಷಪ್ರಾಶನ, ನೆನಪು ಕಳೆದುಕೊಂಡ ಒಬ್ಬ ಮಾವ ಆಗಿಹೋಗಿದ್ದರು. ಇತ್ತ ನಮ್ಮ ಲಿಯೊನ್ ಒಂದು ತಟ್ಟೆ ತೊಳೆದಿಟ್ಟಿದ್ದ. ಇಬ್ಬರಿಗೂ ತಟ್ಟೆಯೇ ಹೆಚ್ಚು ರೋಚಕವೆನ್ನಿಸಿತು.

ಯಾಕೆ ಎಂದು ನಾನು ತುಸು ಯೋಚಿಸಿದ್ದೇನೆ. ಪಾರ್ಕಿನಲ್ಲಿ, ಮದುವೆ ಮನೆಯಲ್ಲಿ, ಕಾಲೇಜಿನ ಮೆಟ್ಟಿಲ ಮೇಲೆ ಹುಟ್ಟುವ ಪ್ರೇಮಕ್ಕೆ ಇಸ್ತ್ರಿ ಹಾಕಿದ ಬಟ್ಟೆಯಿರುತ್ತದೆ. ಒಂದೇ ಮನೆಯಲ್ಲಿರುವವರಿಗೆ ಆ ಸೌಲಭ್ಯವಿಲ್ಲ. ಅವರು ಒಬ್ಬರನ್ನೊಬ್ಬರು ನೋಡುವುದು ಹಿಂದಿನಿಂದ ಮುಂದಕ್ಕೆ: ಮೊದಲು ಒದ್ದೆ ಟವೆಲು, ಆಮೇಲೆ ಮುಚ್ಚಳ ಹಾಕದ ಟೂತ್‌ಪೇಸ್ಟು, ಫ್ರಿಜ್ಜಿನಲ್ಲಿ ಯಾರೂ ಒಡೆತನ ಒಪ್ಪಿಕೊಳ್ಳದ ಡಬ್ಬಿ, ಕಟ್ಟಕಡೆಗೆ ಮನುಷ್ಯ. ಟಿಫಿ ಲಿಯೊನನ ಮುಖ ನೋಡುವ ಎಷ್ಟೋ ಅಧ್ಯಾಯಗಳ ಮುಂಚೆಯೇ ಅವನ ಸ್ವಭಾವ ಬಲ್ಲಳು. ಚೀಟಿಯಲ್ಲೂ ಅವನದು ಜಿಪುಣ ಮಾತು. ಅವನ ಪಾಲಿನ ಅಧ್ಯಾಯಗಳಲ್ಲಿ ‘ನಾನು’ ಎಂಬ ಪದವನ್ನೇ ನುಂಗಿ ತುಂಡು ತುಂಡು ವಾಕ್ಯದಲ್ಲಿ ಹೇಳುತ್ತಾನೆ. ಅಂಥವನ ಚೀಟಿ ಒಂದು ದಿನ ಎರಡು ಸಾಲು ಉದ್ದವಾದರೆ ಓದುಗರ ಎದೆ ಹಾರುತ್ತದೆ. ಇದು ಮಾಯಮಂತ್ರವಲ್ಲ, ಲೆಕ್ಕಾಚಾರ. ಮೊದಲ ಪುಟದಲ್ಲೇ ಅಪ್ಪಿಕೊಂಡವರು ಇನ್ನೂರನೆಯ ಪುಟದಲ್ಲಿ ಬೆರಳು ತಾಗಿಸಿದರೆ ಯಾರಿಗೆ ಬೇಕು?

ಇನ್ನೊಂದು ಸುಖವೆಂದರೆ ನಮಗೆ ಮೊದಲೇ ಗೊತ್ತಿರುತ್ತದೆ. ಅವರಿಗೆ ಗೊತ್ತಿರುವುದಿಲ್ಲ. ಹಾಲು ಹೆಪ್ಪಾಗುವಾಗ ಮುಚ್ಚಳ ತೆಗೆತೆಗೆದು ನೋಡಬಾರದೆಂದು ತಿಳಿದೂ ನೋಡುವವರ ಹಾಗೆ ನಾವು ಪುಟ ತಿರುವುತ್ತೇವೆ. ಕೊನೆಗೆ ಬಚ್ಚಲುಮನೆಯಲ್ಲಿ ಅವನು ಸ್ನಾನ ಮಾಡುತ್ತಿರುವಾಗ ಇವಳು ಆಫೀಸಿಗೆ ತಡವಾಯಿತೆಂದು ನುಗ್ಗಿ ಮೊದಲ ಭೇಟಿ ನಡೆದಾಗ ನಾನು ಅಕ್ಕನಿಗೆ ಫೋನು ಮಾಡಿದ್ದು ಹಗಲು ಹೊತ್ತಿನಲ್ಲಿ. ಅವಳು ಗಾಬರಿಯಿಂದ “ಯಾರು ಹೋದ್ರು?” ಎಂದಳು.

ಹಾಗೆಂದು ಈ ನಿಧಾನ ಬರೀ ಆಟವಲ್ಲ. ಟಿಫಿಯ ಹಳೆಯ ಗೆಳೆಯ ಜಸ್ಟಿನ್ ಕೈಯೆತ್ತಿ ಹೊಡೆದವನಲ್ಲ. ಅವಳ ನೆನಪೇ ತಪ್ಪು, ಅವಳ ಬುದ್ಧಿಯೇ ಸರಿಯಿಲ್ಲ ಎಂದು ಅವಳನ್ನೇ ನಂಬಿಸಿಟ್ಟವನು. ಅದು ಅವಳಿಗೆ ಅರಿವಾಗುವುದೇ ನಿಧಾನವಾಗಿ. ಅಂಥವಳಿಗೆ ಅವಸರದ ನಾಯಕನನ್ನು ಜೋಡಿಸಿದ್ದರೆ ಪುಸ್ತಕ ನೆಗೆದುಬೀಳುತ್ತಿತ್ತು. ಮುಖ ಕಾಣದ, ಮಾತು ಕಡಿಮೆಯ, ಸಂಜೆ ಆರಕ್ಕೆ ಜಾಗ ಖಾಲಿ ಮಾಡಿಕೊಡುವ ಗಂಡಸು ಅವಳಿಗೆ ಬೇಕಿತ್ತು. ಈ ಭಾಗವನ್ನು ನಾನು ಅಕ್ಕನಿಗೆ ಹೇಳುವಾಗ ಅವಳು ತಮಾಷೆ ಮಾಡಲಿಲ್ಲ. “ನಮ್ಮ ಕಾಲದಲ್ಲಿ ಅದಕ್ಕೆಲ್ಲ ಸ್ವಭಾವ ಅಂತಿದ್ವಿ” ಎಂದಷ್ಟೇ ಹೇಳಿ, ಮುಂದೇನಾಯ್ತು ಎಂದಳು.

ಇದೆಲ್ಲ ಈ ಶತಮಾನದ ಹುಡುಗಾಟವೆಂದೂ ತಿಳಿಯಬೇಕಾಗಿಲ್ಲ. 1933ರಲ್ಲೇ ಹಾಲಿವುಡ್ಡಿನಲ್ಲಿ ‘ರಾಫ್ಟರ್ ರೊಮಾನ್ಸ್’ ಎಂಬ ಚಿತ್ರ ಬಂತು. ಬಾಡಿಗೆ ಬಾಕಿ ಉಳಿಸಿಕೊಂಡ ಇಬ್ಬರನ್ನು ಮನೆಯ ಮಾಲೀಕ ಒಂದೇ ಅಟ್ಟದ ಕೋಣೆಗೆ ಪಾಳಿಯ ಮೇಲೆ ತಳ್ಳುತ್ತಾನೆ. ನಾಯಕಿ ಜಿಂಜರ್ ರಾಜರ್ಸ್‌ಗೆ ರಾತ್ರಿ ಕೋಣೆ, ನಾಯಕನಿಗೆ ಹಗಲು. ಕೋಣೆಯೊಳಗೆ ಮುಖ ನೋಡದೆಯೇ ಪರಸ್ಪರ ಹಗೆ, ಹೊರಗೆ ಆಕಸ್ಮಿಕವಾಗಿ ಸಿಕ್ಕಿ ಪ್ರೀತಿ. ಆ ಹಗೆಯ ಪ್ರಾಣಿಯೇ ಈ ಪ್ರೀತಿಯ ಪ್ರಾಣಿ ಎಂದು ಇಬ್ಬರಿಗೂ ತಿಳಿಯದು. ಹತ್ತು ವರ್ಷದ ಮೇಲೆ, 1943ರಲ್ಲಿ, ಯುದ್ಧದ ಕಾಲದ ವಾಷಿಂಗ್ಟನ್ನಿನಲ್ಲಿ ಮನೆ ಸಿಗದೆ ಜನ ಒದ್ದಾಡುತ್ತಿದ್ದಾಗ ಜಾರ್ಜ್ ಸ್ಟೀವನ್ಸ್ ‘ದಿ ಮೋರ್ ದ ಮೆರಿಯರ್’ ತೆಗೆದರು. ನಾಯಕಿ ದೇಶಸೇವೆಯೆಂದು ಅರ್ಧ ಮನೆ ಬಾಡಿಗೆಗೆ ಕೊಡುತ್ತಾಳೆ, ಅದು ಒಬ್ಬ ಮುದುಕರ ಪಾಲಾಗುತ್ತದೆ. ಆ ಮುದುಕರು ತಮ್ಮ ಅರ್ಧದಲ್ಲಿ ಅರ್ಧವನ್ನು ಒಬ್ಬ ಯುವಕನಿಗೆ ಕೊಡುತ್ತಾರೆ. ಬೆಳಗ್ಗೆ ಯಾರು ಯಾವ ನಿಮಿಷಕ್ಕೆ ಬಚ್ಚಲುಮನೆಗೆ ಹೋಗಬೇಕೆಂದು ಅವಳು ವೇಳಾಪಟ್ಟಿ ಹಾಕಿದ್ದಾಳೆ. ಮುದುಕರ ಪಾತ್ರ ಮಾಡಿದ ಚಾರ್ಲ್ಸ್ ಕೋಬರ್ನ್‌ಗೆ ಆಸ್ಕರ್ ಬಂತು. ಸರಿಯಾದದ್ದೇ. ಮದುವೆ ದಲ್ಲಾಳಿಗೆ ಪ್ರಪಂಚದಲ್ಲಿ ಎಲ್ಲಾದರೂ ಒಂದು ಪ್ರಶಸ್ತಿ ಬೇಡವೇ?

ಇಂಥ ಕಾದಂಬರಿಯನ್ನು ಮಲ್ಲೇಶ್ವರದಲ್ಲಿ ಬರೆಯಹೊರಟರೆ ಮೂರನೆಯ ಪುಟದಲ್ಲೇ ಓನರ್ ಬಂದುಬಿಡುತ್ತಾರೆ. ಮಹಡಿಯ ಮೇಲಿರುವವರು ಅವರೇ. “ಫ್ಯಾಮಿಲಿನಾ, ಬ್ಯಾಚುಲರ್ಸಾ?” ಎಂಬುದು ಮೊದಲ ಪ್ರಶ್ನೆ. ಎರಡೂ ಅಲ್ಲ, ಒಬ್ಬ ಹುಡುಗ, ಒಬ್ಬಳು ಹುಡುಗಿ, ಪರಿಚಯವಿಲ್ಲ, ಮಂಚ ಒಂದೇ ಎಂದು ವಿವರಿಸುವಷ್ಟರಲ್ಲಿ ಟು-ಲೆಟ್ ಬೋರ್ಡು ಒಳಗೆ ಹೋಗಿರುತ್ತದೆ. ಅದನ್ನೂ ದಾಟಿದರೆ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸು. ಅಷ್ಟು ದುಡ್ಡು ಕೈಯಲ್ಲಿದ್ದವರಿಗೆ ಅರ್ಧ ಮಂಚ ಹುಡುಕುವ ದರ್ದೇನು? ಆಮೇಲೆ ಗೋಡೆಗೆ ಮೊಳೆ ಹೊಡೆಯಬಾರದು, ನೀರು ಬೆಳಗ್ಗೆ ಆರರಿಂದ ಏಳರವರೆಗೆ, ಗೇಟು ರಾತ್ರಿ ಹತ್ತಕ್ಕೆ ಬಂದ್. ರಾತ್ರಿಪಾಳಿಯ ಲಿಯೊನ್ ಗೇಟಿನಾಚೆಯೇ ಉಳಿದು, ಪ್ರೇಮ ಸುಡುವುದು ಹಾಗಿರಲಿ, ಬೆಚ್ಚಗೂ ಆಗುತ್ತಿರಲಿಲ್ಲ.

ಆದರೆ ನಮ್ಮಲ್ಲಿ ಈ ಬಗೆಯ ಕಥೆಯೇ ಇಲ್ಲವೆಂದರೆ ಅಕ್ಕ ಒಪ್ಪುವುದಿಲ್ಲ. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಬಾಡಿಗೆಗೆ ತಂದು ಸೆರಗಿನಡಿ ಇಟ್ಟುಕೊಂಡು ಓದಿದ ಪೀಳಿಗೆ ಅವಳದು. “ವಾಣಿಯವರ ‘ಎರಡು ಕನಸು’ ಇನ್ನೇನು ಮತ್ತೆ?” ಎಂದಳು. ಯೋಚಿಸಿ ನೋಡಿದರೆ ಹೌದು. 1974ರಲ್ಲಿ ದೊರೈ-ಭಗವಾನ್ ಆ ಕಾದಂಬರಿಯನ್ನು ಸಿನಿಮಾ ಮಾಡಿದರು; ರಾಜ್‌ಕುಮಾರ್, ಕಲ್ಪನಾ, ಮಂಜುಳಾ. ಪ್ರೀತಿಸಿದವಳು ಕೈತಪ್ಪಿ, ಮನಸ್ಸಿಲ್ಲದೆ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಷ್ಟ್ರು. ಒಂದೇ ಸೂರು, ನಡುವೆ ಮೌನ. ಟಿಫಿ-ಲಿಯೊನರ ನಡುವೆ ಚೀಟಿಯಾದರೂ ಇತ್ತು. ಇಲ್ಲಿ ಕಾಫಿ ಲೋಟ ಟೇಬಲ್ಲಿನ ಮೇಲೆ ಇಟ್ಟ ಸದ್ದಷ್ಟೇ. ಆ ಸದ್ದಿನ ಮೇಲೆ ಕಲ್ಪನಾ ಇಡೀ ಚಿತ್ರ ನಡೆಸುತ್ತಾರೆ. ಥಿಯೇಟರಿನಲ್ಲಿ ಅಕ್ಕ ಅತ್ತ ಲೆಕ್ಕವನ್ನು ನಾನಿಲ್ಲಿ ಬರೆಯುವುದಿಲ್ಲ.

ನನಗನ್ನಿಸುವುದು ಇಷ್ಟು: ಇಂಗ್ಲಿಷಿನವರು ಬಹಳ ಸುತ್ತುಬಳಸಿ ನಮ್ಮ ಹಿರಿಯರು ಗೊತ್ತುಮಾಡಿದ ಮದುವೆಗೇ ಬಂದು ಸೇರಿದ್ದಾರೆ. ಅಪರಿಚಿತರಿಬ್ಬರು, ದುಡ್ಡಿನ ಕಾರಣಕ್ಕೆ, ಮೂರನೆಯವರ ಏರ್ಪಾಟಿನಲ್ಲಿ ಒಂದು ಸೂರಿನಡಿ ಬರುತ್ತಾರೆ; ಪ್ರೀತಿ ಆಮೇಲೆ ಬಂದರೆ ಬಂತು. ಜಾತಕದ ಬದಲು ಕರಾರುಪತ್ರ, ಸೋದರಮಾವನ ಬದಲು ಬಾಡಿಗೆ ಜಾಹೀರಾತು. ವ್ಯತ್ಯಾಸವೆಂದರೆ ಟಿಫಿಗೆ ಸರಿಬರದಿದ್ದರೆ ಸೂಟ್‌ಕೇಸು ಹಿಡಿದು ಹೊರಟುಬಿಡಬಹುದು, ಯಾರೂ ತವರಿಗೆ ಫೋನು ಮಾಡುವುದಿಲ್ಲ. ಇಡೀ ಪುಸ್ತಕದ ಹಿತ ಇರುವುದು ಆ ತೆರೆದ ಬಾಗಿಲಿನಲ್ಲಿ. ಹೋಗಬಹುದಾಗಿದ್ದವಳು ಹೋಗದೆ ಉಳಿಯುತ್ತಾಳೆ, ಅದನ್ನು ನಾವು ಕೂತು ನೋಡುತ್ತೇವೆ.

ಚೀಟಿ ವ್ಯವಹಾರದಲ್ಲಿ ನಾನೇನೂ ಹೊಸಬಳಲ್ಲ. ಮದುವೆಯಾದ ಹೊಸತರಲ್ಲಿ ಯಶವಂತಪುರದ ಕಡೆ ಒಂದು ಕೋಣೆ, ಒಂದು ಅಡುಗೆಮನೆಯಲ್ಲಿದ್ದೆವು. ನಮ್ಮವರಿಗೆ ಕಾರ್ಖಾನೆಯಲ್ಲಿ ಮೂರು ಪಾಳಿ, ನನಗೆ ಶಾಲೆ. ರಾತ್ರಿಪಾಳಿಯ ವಾರದಲ್ಲಿ ಅವರು ಬರುವುದಕ್ಕೂ ನಾನು ಬಸ್ಸು ಹಿಡಿಯುವುದಕ್ಕೂ ಸರಿಹೋಗುತ್ತಿತ್ತು. ಕ್ಯಾಲೆಂಡರಿನ ಹಿಂದಿನ ಹಾಳೆ ಹರಿದು ಅಕ್ಕಿ ಡಬ್ಬದ ಮೇಲೆ ಬರೆದಿಡುತ್ತಿದ್ದೆ: ‘ಹಾಲು ಒಡೆದಿದೆ. ಗ್ಯಾಸಿಗೆ ಹೇಳಿ, ನಿನ್ನೆಯೂ ಬರೆದಿದ್ದೆ.’ ಸಂಜೆ ಬಂದು ನೋಡಿದರೆ ಕೆಳಗೆ ಉತ್ತರ: ‘ನೋಡಿದೆ.’ ಗ್ಯಾಸು ಬಂದಿರುತ್ತಿರಲಿಲ್ಲ. ಒಮ್ಮೆ ಮಾತ್ರ, ಕೇಳದೆಯೇ, ಎರಡು ವಾಕ್ಯ ಬರೆದಿದ್ದರು: ‘ಹುಳಿ ಚೆನ್ನಾಗಿತ್ತು. ಉಪ್ಪು ಒಂದು ಕಲ್ಲು ಹೆಚ್ಚು.’ ಆಗ ನನಗೆ ಕಂಡದ್ದು ಎರಡನೆಯ ವಾಕ್ಯ. ಈ ಕಾದಂಬರಿಗಳ ನಿಯಮದಲ್ಲಿ ಅಳೆದರೆ ಅದು ಹದಿನೈದನೇ ಅಧ್ಯಾಯದ ಪ್ರೇಮನಿವೇದನೆ. ಉಪ್ಪಿನ ವಿಷಯ ಸಂಪಾದಕರು ತೆಗೆದುಹಾಕುತ್ತಿದ್ದರು.

ಅಕ್ಕನ ಮಗಳ ಪಿ.ಜಿ.ಯಲ್ಲಿ ಇಂಥದ್ದೇನೂ ನಡೆಯುವುದಿಲ್ಲ. ಅಲ್ಲೂ ಚೀಟಿ ಉಂಟು, ಆದರೆ ಅದು ಶಾಂಪೂ ಬಾಟಲಿಯ ಮೇಲೆ: ‘ಗೆರೆ ಹಾಕಿದ್ದೇನೆ.’ ಒಬ್ಬಳು ಐದಕ್ಕೆ ಅಲಾರಂ ಇಟ್ಟು ಎಂಟಕ್ಕೆ ಏಳುತ್ತಾಳೆ. ಇನ್ನೊಬ್ಬಳ ಕೂದಲು ಬಚ್ಚಲ ತೂತಿನಲ್ಲಿ ಕಟ್ಟಿಕೊಂಡು ನಿಂತ ನೀರಿನ ಬಗ್ಗೆ ಮೂವರೂ ಮಾತು ಬಿಟ್ಟಿದ್ದಾರೆ. ಹಾಗಿದ್ದೂ ಮೂವರೂ ಓದುವುದು ಒಂದೇ ಮನೆಯ ಇಂಥ ಪ್ರೇಮಕಥೆಗಳನ್ನೇ, ತಂತಮ್ಮ ಮಂಚದ ಮೇಲೆ, ಗೋಡೆಗೆ ಮುಖ ಮಾಡಿ. ಅಲಿ ಹೇಝಲ್‌ವುಡ್‌ಳ ‘ಅಂಡರ್ ಒನ್ ರೂಫ್’ನಲ್ಲಿ ಪರಿಸರದ ಎಂಜಿನಿಯರಳೂ ತೈಲ ಕಂಪನಿಯ ವಕೀಲನೂ ಒಂದೇ ಮನೆಯಲ್ಲಿ ಥರ್ಮೋಸ್ಟ್ಯಾಟಿಗಾಗಿ ಕಿತ್ತಾಡಿ ಪ್ರೀತಿಗೆ ಬೀಳುತ್ತಾರೆ. ಎಮಿಲಿ ಹೆನ್ರಿಯ ‘ಫನ್ನಿ ಸ್ಟೋರಿ’ಯಲ್ಲಿ ಮಕ್ಕಳ ವಿಭಾಗದ ಲೈಬ್ರರಿಯನ್ ಒಬ್ಬಳನ್ನು ನಿಶ್ಚಯವಾದ ಗಂಡು ಬಿಟ್ಟುಹೋಗುತ್ತಾನೆ, ಅವನು ಹಿಡಿದ ಹುಡುಗಿ ಬಿಟ್ಟುಬಂದ ಹುಡುಗನ ಮನೆಯಲ್ಲೇ ಇವಳು ಬಾಡಿಗೆಗೆ ಸೇರುತ್ತಾಳೆ. (ಈ ವಾಕ್ಯವನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿ ಅರ್ಥಮಾಡಿಸುವುದರಲ್ಲಿ ಒಂದು ಸಂಜೆ ಕಳೆಯಿತು.) ಅಕ್ಕನ ಮಗಳನ್ನು, ಅವಳ ಪಿ.ಜಿ.ಯ ಫ್ಯಾನಿನ ರೆಗ್ಯುಲೇಟರಿನ ಜಗಳಕ್ಕೂ ಆ ಥರ್ಮೋಸ್ಟ್ಯಾಟಿನ ಜಗಳಕ್ಕೂ ಏನು ವ್ಯತ್ಯಾಸ ಎಂದು ಕೇಳಿದೆ. “ಚಿಕ್ಕಮ್ಮ, ಅಲ್ಲಿ ಅವನು ಸಾರಿ ಕೇಳ್ತಾನೆ” ಎಂದಳು.

ನನಗೆ ಹಿಡಿಸದ್ದೂ ಇದೆ. ಮುಕ್ಕಾಲು ಪುಸ್ತಕವಾಗುತ್ತಿದ್ದಂತೆ, ಎದುರು ಕೂತು ಐದು ನಿಮಿಷ ಮಾತಾಡಿದರೆ ಹರಿಯುವ ಒಂದು ತಪ್ಪುತಿಳಿವಳಿಕೆಯನ್ನು ಕಡ್ಡಾಯವಾಗಿ ತಂದಿಡುತ್ತಾರೆ. ಅಷ್ಟು ಚೀಟಿ ಬರೆದವರಿಗೆ ಇನ್ನೊಂದು ಬರೆಯಲು ಏನು ಧಾಡಿ? ಆಮೇಲೆ ಉಪಸಂಹಾರದಲ್ಲಿ ಎಲ್ಲ ಸುಖವಾಗಿರುತ್ತಾರೆ, ಗ್ಯಾಸಿಗೆ ಹೇಳಿದವರು ಯಾರು ಎಂಬುದನ್ನು ಬರೆಯುವುದೇ ಇಲ್ಲ.

ನಿವೃತ್ತಿಯಾದ ಮೇಲೆ ನಮ್ಮವರಿಗೆ ಪೇಪರು ಹತ್ತು ಗಂಟೆಗೆ ಮುಗಿದುಹೋಗುತ್ತದೆ. ನಾನು ಟೇಬಲ್ಲಿನ ಮೇಲಿಟ್ಟ ‘ದಿ ಫ್ಲ್ಯಾಟ್‌ಶೇರ್’ ಎತ್ತಿಕೊಂಡು ದಿನಕ್ಕಿಷ್ಟು ಎಂದು ಓದತೊಡಗಿದರು. ನಾನು ಏನೂ ಕೇಳಲಿಲ್ಲ. ಬಾಯಿ ಬಿಡಿಸಿದರೆ ಅವರು ಪುಸ್ತಕ ಕೆಳಗಿಡುತ್ತಾರೆ. ಲಿಯೊನನ ರೋಗಿ ಪ್ರಯರ್ ಎಂಬ ಮುದುಕರು, ಯುದ್ಧದ ಕಾಲದಲ್ಲಿ ತಾವು ಪ್ರೀತಿಸಿದ ಜಾನಿ ವೈಟ್ ಎಂಬಾತನನ್ನು ಹುಡುಕಿಸುವ ಭಾಗ ಬಂದಾಗ ಕನ್ನಡಕ ಒರೆಸಿಕೊಂಡದ್ದನ್ನು ಅಡುಗೆಮನೆಯಿಂದ ನೋಡಿದೆ. ಮೊನ್ನೆ ಪುಸ್ತಕ ಮುಚ್ಚಿಟ್ಟು, ಕಾಫಿಗೆ ಕೈಚಾಚುತ್ತ ಗಂಭೀರವಾಗಿ ಕೇಳಿದರು:

“ಅಲ್ವೇ, ಆ ಹುಡುಗಿ ಅಡ್ವಾನ್ಸ್ ಏನೂ ಕೊಡಲೇ ಇಲ್ವಲ್ಲ?”