ಮೂರನೇ ಕುಲಸಚಿವರು

ಯಾವ ದೊಡ್ಡ ವಿಶ್ವವಿದ್ಯಾನಿಲಯಕ್ಕಾದರೂ ಹೋಗಿ ನೋಡಿ, ಇಬ್ಬರು ಕುಲಸಚಿವರಿರುತ್ತಾರೆ. ಒಬ್ಬರು ಆಡಳಿತಕ್ಕೆ, ಇನ್ನೊಬ್ಬರು ಪರೀಕ್ಷೆಗೆ. ಇಬ್ಬರಿಗೂ ಒಂದೊಂದು ಕೋಣೆ, ಕೋಣೆಗೊಂದು ಪರದೆ, ಪರದೆಯ ಮುಂದೊಂದು ಸ್ಟೂಲು, ಸ್ಟೂಲಿನ ಮೇಲೆ ‘ಸಾಹೇಬ್ರು ಮೀಟಿಂಗಲ್ಲವ್ರೆ’ ಎನ್ನುವ ಒಬ್ಬ ಜವಾನ. ಮೂರನೆಯವನಿಗೆ ಇದ್ಯಾವುದೂ ಇಲ್ಲ. ಅವನು ಆಡಳಿತ ಕಚೇರಿಯ ಎದುರು, ಜೆರಾಕ್ಸ್ ಅಂಗಡಿಗೆ ಆತುಕೊಂಡಂತಿರುವ ಹೊಂಗೆ ಮರದ ಕೆಳಗೆ, ಕಲ್ಲುಬೆಂಚಿನ ಮೇಲೆ ಸಿಗುತ್ತಾನೆ. ಬೆಳಿಗ್ಗೆ ಹತ್ತಕ್ಕೆಲ್ಲ ಬಂದಿರುತ್ತಾನೆ. ಕಚೇರಿಯವರು ಬರುವುದಕ್ಕೆ ಮುಂಚೆ ಬರುವ ಕುಲಸಚಿವ ಅವನೊಬ್ಬನೇ.

ನಮ್ಮದು ಯಾವ ವಿಶ್ವವಿದ್ಯಾನಿಲಯ ಅಂತ ಮಾತ್ರ ಕೇಳಬೇಡಿ. ನಾಳೆ ನನ್ನ ಮಾರ್ಕ್ಸ್‌ಕಾರ್ಡಿಗೆ ಇಲಿ ಬಿದ್ದರೆ ಡೂಪ್ಲಿಕೇಟಿಗೆ ನಾನು ಅಲ್ಲಿಗೇ ಹೋಗಬೇಕು.

ಇವನೂ ನಾನೂ ಒಂದೇ ವರ್ಷ ಎಂ.ಎ. ಕನ್ನಡಕ್ಕೆ ಸೇರಿದವರು. ನಾನು ಎರಡು ವರ್ಷಕ್ಕೆ ಮುಗಿಸಿ, ಒಂದು ತಾಲ್ಲೂಕಿನ ಪಿಯು ಕಾಲೇಜಿಗೆ ಮೇಷ್ಟ್ರಾಗಿ, ಮದುವೆಯಾಗಿ, ಹೊಟ್ಟೆ ಬೆಳೆಸಿ, ಈಗ ಬೆಳಿಗ್ಗೆ ಬಿಪಿ ಮಾತ್ರೆ ನುಂಗುವ ಹಂತಕ್ಕೆ ಬಂದಿದ್ದೇನೆ. ಅವನು ಅಲ್ಲೇ ಇದ್ದಾನೆ. ಕನ್ನಡ ಎಂ.ಎ. ಆದಮೇಲೆ ಇತಿಹಾಸ ಎಂ.ಎ. ಮಾಡಿದ. ಆಮೇಲೆ ಶಾಸನಶಾಸ್ತ್ರದಲ್ಲಿ ಡಿಪ್ಲೊಮಾ. ಆಮೇಲೆ ಪತ್ರಿಕೋದ್ಯಮ. ನಡುವೆ ಯಾವುದೋ ಒಂದು ವರ್ಷ ಭಾಷಾಂತರದ ಸರ್ಟಿಫಿಕೇಟ್ ಕೋರ್ಸು. ಒಂದೊಂದು ಕೋರ್ಸಿನ ಹಿಂದೆಯೂ ಒಂದೊಂದು ಜ್ಞಾನದಾಹ ಇತ್ತು ಅಂತ ನಾನೂ ಬಹಳ ಕಾಲ ನಂಬಿಕೊಂಡಿದ್ದೆ. ಇದ್ದದ್ದು ಒಂದೇ ಹಾಸ್ಟೆಲ್ ರೂಮು.

ಈಗ ಪಿಎಚ್.ಡಿ. ನಡೆಯುತ್ತಿದೆ. ‘ನಡೆಯುತ್ತಿದೆ’ ಅನ್ನುವುದು ಅವನದೇ ಮಾತು, ನನ್ನದಲ್ಲ.

ಅವನ ಹೆಗಲಿಗೊಂದು ಚೀಲ. ಅದರೊಳಗೆ ಸ್ಟೇಪ್ಲರು, ಗಮ್ಮಿನ ಬಾಟಲಿ, ಸ್ಟಾಂಪ್ ಪ್ಯಾಡು, ಫೈಲಿಗೆ ಪೋಣಿಸುವ ಹಸಿರು ದಾರದ ಟ್ಯಾಗುಗಳು, ನೀಲಿ ಪೆನ್ನು ಎರಡು, ಕಪ್ಪು ಪೆನ್ನು ಎರಡು. ‘ಕಪ್ಪು ಇಂಕಿನಲ್ಲಿ ಬರೆಯತಕ್ಕದ್ದು’ ಎಂದು ಒಂದು ಫಾರಮ್ಮಿನಲ್ಲಿರುತ್ತದೆ, ‘ನೀಲಿ ಇಂಕಿನಲ್ಲಿ’ ಎಂದು ಇನ್ನೊಂದರಲ್ಲಿರುತ್ತದೆ. ಪೆನ್ನು ಬದಲಾದದ್ದಕ್ಕೆ ಒಂದು ವರ್ಷ ಕಳೆದುಕೊಂಡ ಹುಡುಗನನ್ನು ಅವನು ಕಣ್ಣಾರೆ ಕಂಡಿದ್ದಾನಂತೆ. ಪುಸ್ತಕವೊಂದನ್ನು ಬಿಟ್ಟು ಒಬ್ಬ ವಿದ್ಯಾರ್ಥಿಗೆ ಬೇಕಾದ್ದೆಲ್ಲ ಆ ಚೀಲದಲ್ಲಿದೆ.

ಹೋದ ಸಲ ಅಕ್ಕನ ಮಗಳ ಎಂ.ಎ. ಅಡ್ಮಿಷನ್‌ಗೆ ಅಂತ ಹೋಗಿದ್ದೆ. ಕೌಂಟರಿನ ಮುಂದೆ ಸಾಲು ದಸರಾ ಆನೆಗಳ ಹಾಗೆ ನಿಧಾನವಾಗಿ ಸರಿಯುತ್ತಿತ್ತು. ಆನೆಗಳಾದರೂ ಬನ್ನಿಮಂಟಪ ಮುಟ್ಟುತ್ತವೆ. ನಮ್ಮ ಸಾಲು ಕಿಟಕಿಗೆ ಎರಡು ಮಾರು ದೂರ ಇರುವಾಗ ಸರ್ವರ್ ಮಲಗಿತು. ಕಿಟಕಿಯೊಳಗಿನವರು ತಲೆ ಹೊರಗೆ ಹಾಕಿ, ‘ಡೌಟ್ ಇರೋರು ಆ ಮರದ ಕೆಳಗೆ ಹೋಗಿ, ಅಣ್ಣ ಇದಾರೆ’ ಅಂದರು. ಸರ್ಕಾರಿ ಸಂಬಳ ತೆಗೆದುಕೊಳ್ಳುವ ಗುಮಾಸ್ತರು ಸಂಬಳವಿಲ್ಲದ ವಿದ್ಯಾರ್ಥಿಯ ಕಡೆಗೆ ಕೈ ತೋರಿಸಿದ್ದನ್ನು ನಾನು ಅವತ್ತೇ ನೋಡಿದ್ದು. ಸಾಲಿನಲ್ಲಿದ್ದ ಮಿಕ್ಕವರಿಗೆ ಅದೊಂದು ವಿಶೇಷವಾಗಿ ಕಾಣಲೇ ಇಲ್ಲ.

ಮರದ ಕೆಳಗೆ ನಮಗಿಂತ ಮುಂದೆ ಒಬ್ಬ ರೈತ, ಜೊತೆಯಲ್ಲಿ ಮಗಳು. ಆಕೆಯ ಕಾಗದಗಳೆಲ್ಲ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಬೆಚ್ಚಗಿದ್ದವು. ಇವನು ಒಂದೊಂದಾಗಿ ಹೊರತೆಗೆದು ಬೆಂಚಿನ ಮೇಲೆ ಇಸ್ಪೀಟು ಹರಡಿದಂತೆ ಹರಡಿದ.

‘ಸಾರ್, ಟಿಸಿ...’

‘ಸಾರ್ ಅನ್ಬೇಡಮ್ಮ, ಅಣ್ಣ ಅನ್ನು. ಸಾರ್‌ಗಳು ಒಳಗಿದಾರೆ. ಯಜಮಾನ್ರೆ, ಈ ಆದಾಯ ಪ್ರಮಾಣಪತ್ರ ಯಾವಾಗ ಮಾಡ್ಸಿದ್ದು?’

‘ಇವ್ಳು ಎಂಟ್ನೇ ಕ್ಲಾಸಲ್ಲಿದ್ದಾಗ ಸ್ವಾಮಿ.’

‘ಅದಕ್ಕೆ ಐದೇ ವರ್ಷ ಆಯಸ್ಸು. ನಿಮ್ಮ ಆದಾಯ ತೀರ್ಕೊಂಡು ಮೂರು ವರ್ಷ ಆಯ್ತಲ್ಲ.’

‘ಅದು ಮಳೆ ಬರ್ದಿದ್ದ ವರ್ಷ್ವೇ ತೀರ್ಕೊಂತು ಸ್ವಾಮಿ’ ಅಂದ ಆತ, ನಗದೆ.

ಇವನೂ ನಗಲಿಲ್ಲ. ನಾಡಕಚೇರಿಗೆ ಯಾವ ಹೊತ್ತಿನಲ್ಲಿ ಹೋದರೆ ನೂಕುನುಗ್ಗಲು ಇರುವುದಿಲ್ಲ, ಹೊಸ ಪ್ರಮಾಣಪತ್ರದ ಆರ್‌ಡಿ ನಂಬರು ಬಂದ ಕೂಡಲೇ ಯಾವ ಕಾಲಮ್ಮಿನಲ್ಲಿ ಹಾಕಬೇಕು, ಅಲ್ಲಿಯತನಕ ಇಲ್ಲಿ ಏನು ಬರೆದುಕೊಟ್ಟು ಕಾಲಾವಕಾಶ ಕೇಳಬೇಕು, ಎಲ್ಲವನ್ನೂ ಹೇಳಿದ. ಆ ಕೋರಿಕೆ ಪತ್ರವನ್ನು ಅಲ್ಲೇ ತೊಡೆಯ ಮೇಲಿಟ್ಟುಕೊಂಡು ಬರೆದ. ‘ಮಾನ್ಯರೇ’ಯಿಂದ ‘ತಮ್ಮ ವಿಧೇಯ’ದವರೆಗೆ ಒಂದು ಕಾಟು ಇಲ್ಲ. ಆ ವೇಗದಲ್ಲಿ ಥೀಸಿಸ್ ಬರೆದಿದ್ದರೆ ಇಷ್ಟು ಹೊತ್ತಿಗೆ ಮೂರು ಡಾಕ್ಟರೇಟು ಆಗುತ್ತಿದ್ದವು. ಕೊನೆಯಲ್ಲಿ ಅವಳು ತುಂಬಿದ್ದ ಅರ್ಜಿಯ ಒಂದು ಕಡೆ ಬೆರಳಿಟ್ಟು ಹುಡುಗಿಗೆ ಹೇಳಿದ: ‘ಇಲ್ನೋಡು, ವಿಶ್ವವಿದ್ಯಾಲಯ ಅಂತ ಬರ್ದಿದೀಯ. ಇಲ್ಲಿ ವಿಶ್ವವಿದ್ಯಾನಿಲಯ. ನಿ ಬಿಟ್ರೆ ಅರ್ಜಿ ಧಾರವಾಡಕ್ಕೆ ಹೋಗತ್ತೆ.’

ಮೈಸೂರು ‘ವಿಶ್ವವಿದ್ಯಾನಿಲಯ’, ಧಾರವಾಡದ ಕರ್ನಾಟಕ ‘ವಿಶ್ವವಿದ್ಯಾಲಯ’. ನನಗೆ ಕನ್ನಡ ಎಂ.ಎ. ಕಲಿಸದ ಈ ಭೇದವನ್ನು ಒಂದು ಅರ್ಜಿ ಫಾರಮ್ಮು ಕಲಿಸಿತು.

ಮುಂದಿನವನು ಒಬ್ಬ ಹುಡುಗ. ಅವನದು ಒಟಿಪಿ ತೊಂದರೆ. ಪದವಿಗೆ ಸೇರುವಾಗ ಊರಿನ ಸೈಬರ್ ಸೆಂಟರಿನವನು ಯುಯುಸಿಎಂಎಸ್ ಪೋರ್ಟಲಿನಲ್ಲಿ ತನ್ನದೇ ಮೊಬೈಲ್ ನಂಬರು ಕೊಟ್ಟಿದ್ದ. ಆಮೇಲೆ ಅಂಗಡಿ ಮುಚ್ಚಿ ಬೆಂಗಳೂರಿಗೆ ಹೋಗಿ ಡೆಲಿವರಿ ಕೆಲಸಕ್ಕೆ ಸೇರಿದ. ಈಗ ಈ ಹುಡುಗನ ವಿದ್ಯಾಭ್ಯಾಸದ ಬೀಗದ ಕೈ ಬೆಂಗಳೂರಿನ ಯಾವುದೋ ಸಿಗ್ನಲ್ಲಿನಲ್ಲಿ ನಿಂತಿರುತ್ತದೆ. ಅದಕ್ಕೂ ಇವನ ಬಳಿ ಮದ್ದಿತ್ತು. ಆಮೇಲೆ ಒಬ್ಬಳು ಬಂದಳು, ಅವಳದು ಬ್ಯಾಚಿನ ಗೊಂದಲ. 2021ರಲ್ಲಿ ನಮ್ಮ ರಾಜ್ಯ ದೇಶದಲ್ಲೇ ಮೊದಲು ಹೊಸ ರಾಷ್ಟ್ರೀಯ ಶಿಕ್ಷಣ ನೀತಿ, ಅಂದರೆ ಎನ್‌ಇಪಿ, ಅಂತ ಪದವಿಯನ್ನು ನಾಲ್ಕು ವರ್ಷಕ್ಕೆ ಎಳೆಯಿತು, 2024ರಲ್ಲಿ ರಾಜ್ಯ ಶಿಕ್ಷಣ ನೀತಿ, ಅಂದರೆ ಎಸ್‌ಇಪಿ, ಅಂತ ಮತ್ತೆ ಮೂರಕ್ಕೆ ತಂದು ನಿಲ್ಲಿಸಿತು. ನಡುವೆ ಓದಿದ ಮಕ್ಕಳು ಒಂದೊಂದು ಸೆಮಿಸ್ಟರಿಗೂ ಒಂದೊಂದು ಸಿಲಬಸ್ಸಿನ ಹೆಸರು ಬಾಯಿಪಾಠ ಮಾಡಿದವರು. ‘ನೀನು ಎನ್‌ಇಪಿನೋ, ಎಸ್‌ಇಪಿನೋ?’ ಅಂತ ಇವನು ಕೇಳುವ ಧಾಟಿ, ಹಿಂದಿನ ಕಾಲದ ಅಜ್ಜಿಯರು ‘ನೀವು ಯಾವ ಪೈಕಿ?’ ಅಂತ ಕೇಳುತ್ತಿದ್ದ ಧಾಟಿಯೇ.

ಸರ್ವರ್ ಏಳುವ ತನಕ ಸಾಲಿನವರಿಗೆ ಇತಿಹಾಸದ ಪಾಠ. ಇತಿಹಾಸ ಎಂ.ಎ. ಅವನಿಗೆ ಉಪಯೋಗಕ್ಕೆ ಬಂದಿರುವುದು ಇಷ್ಟಕ್ಕೇ ಇರಬೇಕು.

‘1916ಕ್ಕೆ ಮುಂಚೆ ನಮ್ಮ ಸಂಸ್ಥಾನದ ಕಾಲೇಜುಗಳೆಲ್ಲ ಮದರಾಸಿನ ಯೂನಿವರ್ಸಿಟಿಗೆ ಸೇರಿದ್ವು. ನಾಲ್ವಡಿಯವರು ನಮ್ಮದೇ ಒಂದು ಇರಲಿ ಅಂತ ಮೈಸೂರಲ್ಲಿ ಮಾಡಿದ್ರು. ಬ್ರಿಟಿಷರ ಸೀಮೆಯಿಂದ ಆಚೆ ಅದೇ ಮೊದಲನೇದು. ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು, ಇವೆರಡೇ ಶುರುವಿನಲ್ಲಿ ಇದ್ದದ್ದು. ಆಮೇಲೆ 1964ರಲ್ಲಿ ಬೆಂಗಳೂರು ಬೇರೆ ಆಯ್ತು, 1980ರಲ್ಲಿ ಮಂಗಳೂರು ಬೇರೆ ಆಯ್ತು. ಅಣ್ಣತಮ್ಮಂದಿರ ಪಾಲು ಇದ್ದಂಗೆ. ಪಾಲಾದ ಮನೇಲಿ ಮೊದಲು ಕಳೆಯೋದೇ ಕಾಗದ ಪತ್ರ, ಅದಕ್ಕೇ ನಾನು ಎಲ್ಲದಕ್ಕೂ ಮೂರು ಜೆರಾಕ್ಸ್ ತೆಗೆಸಿ ಅನ್ನೋದು.’

ಜೆರಾಕ್ಸ್ ಅಂಗಡಿಯವನು ಒಳಗಿಂದಲೇ ತಲೆದೂಗಿದ. ‘ಇವ್ರು ಪಾಸಾಗಿ ಹೊಂಟೋದ್ರೆ ನಮ್ ಅಂಗ್ಡಿ ಕತೆ ಏನ್ ಸಾ?’ ಅಂತ ಆಮೇಲೆ ನನ್ನನ್ನು ಬೇರೆ ಕೇಳಿದ.

ಕುವೆಂಪು ಅವರನ್ನೂ ಇವನು ಬಿಟ್ಟಿಲ್ಲ. ‘ಮಹಾರಾಜ ಕಾಲೇಜಲ್ಲಿ ಓದಿದ್ರು, ಅಲ್ಲೇ ಪಾಠ ಹೇಳಿದ್ರು, ಅಲ್ಲೇ ಪ್ರಿನ್ಸಿಪಾಲರಾದ್ರು, 1956ರಲ್ಲಿ ಕುಲಪತಿಗಳಾದ್ರು. ಮಾನಸಗಂಗೋತ್ರಿ ಅನ್ನೋ ಹೆಸರು ಇಟ್ಟೋರೂ ಅವರೇ. ಒಟ್ಟಿನಲ್ಲಿ ವಿಶ್ವವಿದ್ಯಾನಿಲಯ ಬಿಟ್ಟು ಅವರು ಹೋಗ್ಲಿಲ್ಲ, ನಾನೂ ಹೋಗಿಲ್ಲ.’ ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ ಅನ್ನುವುದು ಅವನಿಗೂ ಗೊತ್ತು. ಆದರೂ ಹೇಳುವಾಗ ಒಂದು ಸುತ್ತು ದಪ್ಪಗಾಗುತ್ತಾನೆ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಬೈಟು ಕಾಫಿ ಹಿಡಿದು ಕೂತಾಗ ತಡೆಯಲಾರದೆ ಕೇಳಿದೆ, ‘ಥೀಸಿಸ್ ಎಲ್ಲಿಗೆ ಬಂತಪ್ಪಾ?’

ಅವನ ವಿಷಯ ‘ಕನ್ನಡ ಗಾದೆಗಳಲ್ಲಿ ಕಾಲಪ್ರಜ್ಞೆ’. ನಾನು ತಮಾಷೆ ಮಾಡುತ್ತಿಲ್ಲ. ಮೊದಲನೇ ಗೈಡ್ ನಿವೃತ್ತರಾದರು. ಅವರಿದ್ದಷ್ಟು ದಿನ ಇವನು ಗ್ಯಾಸ್ ಸಿಲಿಂಡರಿನಿಂದ ಹಿಡಿದು ಮೊಮ್ಮಗನ ಸ್ಕೂಲ್ ವ್ಯಾನಿನವರೆಗೆ ಎಲ್ಲವನ್ನೂ ಸಂಶೋಧಿಸಿದ. ಎರಡನೆಯವರು ಬೇರೆ ವಿಶ್ವವಿದ್ಯಾನಿಲಯಕ್ಕೆ ದೊಡ್ಡ ಹುದ್ದೆ ಮೇಲೆ ಹೋದರು, ಹೋಗುವಾಗ ಎರಡನೇ ಅಧ್ಯಾಯವನ್ನು ಓದುತ್ತೇನೆಂದು ಒಯ್ದವರು ಇನ್ನೂ ಓದುತ್ತಿದ್ದಾರೆ. ಮೂರನೆಯವನು ಇವನ ಜೂನಿಯರು. ಆ ಜೂನಿಯರಿನ ಅಡ್ಮಿಷನ್ ಅರ್ಜಿಯನ್ನೂ, ಹಾಸ್ಟೆಲ್ ಅರ್ಜಿಯನ್ನೂ, ಕೊನೆಗೆ ಕೆಲಸದ ಅರ್ಜಿಯನ್ನೂ ಇದೇ ಬೆಂಚಿನ ಮೇಲೆ ತುಂಬಿಸಿಕೊಟ್ಟವನು ಇವನೇ. ಈಗ ಗೈಡು ಇವನನ್ನು ‘ಅಣ್ಣ’ ಅನ್ನುತ್ತಾನೆ, ಇವನು ಗೈಡನ್ನು ‘ಸಾರ್’ ಅನ್ನುತ್ತಾನೆ. ಅಧ್ಯಾಯ ಕೊಡಿ ಎಂದು ಅಣ್ಣನನ್ನು ಕೇಳಲು ಅವನಿಗೆ ಸಂಕೋಚ, ಕೇಳದೆ ಕೊಡಲು ಇವನಿಗೆ ಸಂಕೋಚ. ಈ ಪರಸ್ಪರ ಗೌರವದಲ್ಲಿ ಮೂರನೇ ಅಧ್ಯಾಯ ನಿಂತಿದೆ.

‘ಯುಜಿಸಿ ರೂಲ್ ಪ್ರಕಾರ ಆರು ವರ್ಷಕ್ಕೆ ಮುಗಿಸ್ಬೇಕಲ್ವಾ?’

‘ಆರು. ಮರುನೋಂದಣಿ ಮಾಡ್ಸಿದ್ರೆ ಇನ್ನೆರಡು. ಮಧ್ಯೆ ಕೊರೋನಾದಲ್ಲಿ ಕೊಟ್ಟ ವಿಸ್ತರಣೆ ಬೇರೆ ಇದೆ.’ ಕೈಬೆರಳು ಮಡಿಸಿ ಎಣಿಸಿ ತೋರಿಸಿದ. ಎಲ್ಲರ ನಿಯಮವೂ ಅವನಿಗೆ ಕಂಠಪಾಠ. ಕೃತಿಚೌರ್ಯದ ನಿಯಮವೂ ಗೊತ್ತು. ‘ನೂರಕ್ಕೆ ಹತ್ತರವರೆಗೂ ಹೋಲಿಕೆ ಬಂದ್ರೆ ದಂಡ ಇಲ್ಲ ಗುರು. ಆದ್ರೆ ನನ್ನ ವಿಷಯ ಗಾದೆ. ಗಾದೇನ ಯಾರೋ ಹೇಳಿದ್ದಂಗೇ ಬರೀಬೇಕು, ಸ್ವಂತವಾಗಿ ಬರೆದ್ರೆ ಅದು ಗಾದೇನೇ ಅಲ್ಲ. ಸಾಫ್ಟ್‌ವೇರ್‌ಗೆ ಇದನ್ನ ಯಾರು ತಿಳಿಸಿ ಹೇಳ್ತಾರೆ?’

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಇದನ್ನೇ ಪೀಠಿಕೆಯಾಗಿ ಬರೆದುಬಿಡು ಅಂದೆ. ಆಗಲೇ ಯಾರೋ ಹುಡುಗ ‘ಅಣ್ಣಾ, ಮೈಗ್ರೇಷನ್ನು...’ ಅಂತ ಬಂದ. ಪೀಠಿಕೆ ಅಲ್ಲಿಗೆ ನಿಂತಿತು.

ಪ್ರಯತ್ನವೇ ಮಾಡಿಲ್ಲ ಅನ್ನುವಂತಿಲ್ಲ. ನೆಟ್ ಪರೀಕ್ಷೆಗೆ ಅವನು ಕೂತಷ್ಟು ಸಲ ಯಾರೂ ಕೂತಿರಲಿಕ್ಕಿಲ್ಲ. ವರ್ಷಕ್ಕೆರಡು ಬಾರಿ, ಯುಗಾದಿ ದೀಪಾವಳಿ ಇದ್ದ ಹಾಗೆ. ಅವನ ಬಾಳಿನಲ್ಲಿ ಅತ್ಯುತ್ತಮವಾಗಿ ಬರೆದ ಪರೀಕ್ಷೆಯೆಂದರೆ 2024ರ ಜೂನ್ 18ರದು. ಸಂಜೆ ಹೊರಗೆ ಬಂದು ನನಗೆ ಫೋನ್ ಮಾಡಿ, ‘ಈ ಸಲ ಪಾಸು ಗ್ಯಾರಂಟಿ ಕಣೋ’ ಅಂದಿದ್ದ. ಮಾರನೇ ದಿನ ಇಡೀ ದೇಶದ ನೆಟ್ ಪರೀಕ್ಷೆಯನ್ನೇ ಕೇಂದ್ರ ಸರ್ಕಾರ ರದ್ದು ಮಾಡಿತು. ‘ನಾನೊಬ್ಬ ಪಾಸಾಗ್ತೀನಿ ಅಂತ ಅಷ್ಟೊಂದು ಲಕ್ಷ ಜನಕ್ಕೆ ಯಾಕೆ ತೊಂದರೆ ಕೊಡಬೇಕಿತ್ತು?’ ಅನ್ನುತ್ತಾನೆ. ಒಂದು ವರ್ಷ ಅತಿಥಿ ಉಪನ್ಯಾಸಕನೂ ಆಗಿದ್ದ. ಹೆಸರೇ ಅತಿಥಿ, ಸಂಬಳವೂ ನೆಂಟರ ಹಾಗೆ ಬಂದಾಗ ಬಂತು. ಬರದೇ ಇದ್ದ ತಿಂಗಳುಗಳಲ್ಲಿ ಹಾಸ್ಟೆಲಿನ ಪುಳಿಯೋಗರೆಯೇ ಗತಿ ಅಂತ ಮತ್ತೆ ರೂಮಿಗೆ ಬಂದ. ಊರಿನಲ್ಲಿ ತಾಯಿ ಇದ್ದಾರೆ. ಪ್ರತಿ ಹಬ್ಬಕ್ಕೂ ‘ಓದು ಮುಗೀತಾ ಮಗಾ?’ ಅನ್ನುತ್ತಾರಂತೆ. ಅವರಿಗೆ ಇವನು ಯಾವ ನಿಯಮವನ್ನೂ ಬೆರಳು ಮಡಿಸಿ ಹೇಳುವುದಿಲ್ಲ.

ಅವನ ರೂಮು ನೋಡಬೇಕು. ಬಾಗಿಲು ತೆಗೆದರೆ ಬಕೆಟ್ಟುಗಳು. ಕೆಂಪು, ನೀಲಿ, ಹಿಡಿ ಮುರಿದದ್ದು, ಮಗ್ಗು ಸಮೇತ ಇರುವುದು, ಒಂದರೊಳಗೊಂದು ಇಟ್ಟು ಸೂರಿನವರೆಗೆ ಗೋಪುರ. ಕೋರ್ಸು ಮುಗಿಸಿ ಊರಿಗೆ ಹೋಗುವವರು ಬಸ್ಸಿಗೆ ಭಾರ ಅಂತ ಬಕೆಟ್ಟು, ಚಾಪೆ, ಹಗ್ಗ ಎಲ್ಲವನ್ನೂ ಇವನಿಗೇ ಕೊಟ್ಟು ಹೋಗುತ್ತಾರೆ. ಒಂದೊಂದರ ಮೇಲೂ ಪೇಂಟಿನಲ್ಲಿ ಹಳೇ ಯಜಮಾನನ ಹೆಸರು. ಅವರಲ್ಲಿ ಒಬ್ಬರು ಈಗ ತಹಸೀಲ್ದಾರರು, ಒಬ್ಬರು ಸಬ್ ಇನ್‌ಸ್ಪೆಕ್ಟರು, ಇಬ್ಬರು ಇದೇ ಕ್ಯಾಂಪಸ್ಸಿನಲ್ಲಿ ಪ್ರೊಫೆಸರುಗಳು. ಆಗಸ್ಟಿನಲ್ಲಿ ಹೊಸ ಹುಡುಗರು ಬರಿಗೈಯಲ್ಲಿ ಬಂದಾಗ ಗೋಪುರ ಕರಗುತ್ತದೆ, ಪರೀಕ್ಷೆ ಮುಗಿದಾಗ ಮತ್ತೆ ಏಳುತ್ತದೆ. ‘ಇದು ತಹಸೀಲ್ದಾರ್ ಬಕೆಟ್ಟು, ಲಕ್ಕಿ. ಒಡೀಬೇಡ’ ಅಂತ ಹೇಳಿ ಕೊಡುತ್ತಾನೆ. ಅವನ ಸ್ವಂತದ ಬಕೆಟ್ಟು ಯಾವುದೋ ವರ್ಷ ಯಾರಿಗೋ ಹೋಯಿತಂತೆ.

ಘಟಿಕೋತ್ಸವದ ದಿನ ಅವನಿಗೆ ಬಿಡುವೇ ಇರುವುದಿಲ್ಲ. ಗೌನು ಹಿಂದುಮುಂದಾಗಿ ತೊಟ್ಟವರನ್ನು ತಿರುಗಿಸಬೇಕು, ಸೀರೆಯ ಮೇಲೆ ಗೌನಿನ ಪಿನ್ನು ಎಲ್ಲಿ ನಿಲ್ಲುತ್ತದೆಂದು ತಾಯಂದಿರಿಗೆ ತೋರಿಸಬೇಕು, ಹತ್ತಾರು ಚಿನ್ನದ ಪದಕ ಬಂದವಳಿಗೆ ಅಷ್ಟನ್ನೂ ಹಿಡಿದು ಫೋಟೋಕ್ಕೆ ನಿಲ್ಲುವ ಕ್ರಮ ಹೇಳಿಕೊಡಬೇಕು. ಸಭಾಂಗಣದೊಳಗೆ ಅವನು ಹೋದದ್ದನ್ನು ಯಾರೂ ಕಂಡಿಲ್ಲ. ಪಾಸು ಇಲ್ಲ ಅಂತಾನೆ. ಐನೂರು ಜನಕ್ಕೆ ಪಾಸು ಕೊಡಿಸಿರುತ್ತಾನೆ.

ಅಕ್ಕನ ಮಗಳಿಗೆ ಸೀಟು ಸಿಕ್ಕಿತು. ಹಾಸ್ಟೆಲೂ ಸಿಕ್ಕಿತು. ಬಕೆಟ್ಟು ಪ್ರೊಫೆಸರದು.

ಈ ವರ್ಷ ನಿಮ್ಮ ಮನೆಯ ಮಕ್ಕಳ ಅಡ್ಮಿಷನ್ ಇದ್ದರೆ ನೇರ ಕೌಂಟರಿಗೆ ಹೋಗಿ ನಿಲ್ಲಬೇಡಿ, ಹೊಂಗೆ ಮರ ಹುಡುಕಿ. ಕಾಫಿ ಕೊಡಿಸಿದರೆ ಬೇಡ ಅನ್ನುವುದಿಲ್ಲ, ಆದರೆ ಬೈಟುವೇ ಆಗಬೇಕು. ದುಡ್ಡು ಕೊಡಲು ಹೋಗಬೇಡಿ, ಬೈಯುತ್ತಾನೆ. ಥೀಸಿಸ್ ಸುದ್ದಿ ಎತ್ತಬೇಡಿ, ಹಿಂದೆ ಸಾಲಿನಲ್ಲಿರುವವರಿಗೆ ತಡವಾಗುತ್ತದೆ. ಫೋಟೋ ಮಾತ್ರ ಆರು ಒಯ್ಯಿರಿ. ಪ್ರಾಸ್ಪೆಕ್ಟಸ್ಸಿನಲ್ಲಿ ನಾಲ್ಕು ಸಾಕು ಅಂತ ಅಚ್ಚಾಗಿರುತ್ತದೆ, ನಂಬಬೇಡಿ.