ಟ್ರೇನ್ ಪಾಸಿನ ಕ್ಲಬ್ಬು

ನಮ್ಮೂರು ಕೃಷ್ಣಾದ ಹುಡುಗರಿಗೆ ಗೊತ್ತಿದ್ದದ್ದು ಎರಡೇ ಕ್ಲಬ್ಬು: ಹೊಳೆ ಮತ್ತು ಸ್ಟೇಷನ್ನು. ಒಂದರಲ್ಲಿ ಈಜು, ಇನ್ನೊಂದರಲ್ಲಿ ಗೂಡ್ಸ್ ಡಬ್ಬಿ ಎಣಿಸುವುದು. ಫೀಸಿಲ್ಲ, ಸಿಕ್ಕಿಬಿದ್ದರೆ ಮನೆಯಲ್ಲಿ ನಾಲ್ಕೇಟು.

ಅಪ್ಪ ನನ್ನನ್ನು ಸೇತುವೆಯಾಚೆ, ರಾಯಚೂರಿನ ಒಂದು ಕಾನ್ವೆಂಟಿಗೆ ಹಾಕಿದ. ಹೆಸರು ಹೇಳಲಾರೆ, ಸಿಸ್ಟರ್ ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಅಲ್ಲಿ ನೋಡಿದರೆ ಲಿಟರರಿ ಕ್ಲಬ್ಬು, ಸೈನ್ಸ್ ಕ್ಲಬ್ಬು, ನೇಚರ್ ಕ್ಲಬ್ಬು, ಸ್ಕೌಟು. ಕ್ಯಾಥೊಲಿಕ್ ಮಕ್ಕಳಿಗೆ ವೈ.ಸಿ.ಎಸ್. ಬೇರೆ. ಒಂದೊಂದಕ್ಕೂ ಒಂದು ಬ್ಯಾಡ್ಜು, ಒಬ್ಬ ಸೆಕ್ರೆಟರಿ. ಎಲ್ಲದರ ಸೆಕ್ರೆಟರಿಯೂ ಒಬ್ಬಳೇ ಎಂದು ತಿಳಿಯಲು ನನಗೆ ಒಂದು ವಾರ ಹಿಡಿಯಿತು. ಅಷ್ಟೂ ಬ್ಯಾಡ್ಜು ಚುಚ್ಚಿಕೊಂಡು ಅಸೆಂಬ್ಲಿಗೆ ಬಂದಳೆಂದರೆ ಥೇಟು ರಿಟೈರಾದ ಸುಬೇದಾರ್.

ನಾನು ಯಾವುದಕ್ಕೂ ಸೇರಲಿಲ್ಲ. ಕ್ಲಬ್ಬು ಶುರುವಾಗುವುದು ಕೊನೆಯ ಗಂಟೆ ಹೊಡೆದ ಮೇಲೆ. ನಮ್ಮ ಪ್ಯಾಸೆಂಜರ್ ಹೊರಡುವುದೂ ಆಗಲೇ. 1871ರಲ್ಲಿ ಬೊಂಬಾಯಿ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ ಬಂದು ಕೂಡಿದ್ದು ರಾಯಚೂರಿನಲ್ಲೇ. ಅಂಥ ಊರಿಗೆ ನನ್ನನ್ನೂ ಡಿಬೇಟನ್ನೂ ಕೂಡಿಸಲು ಆಗಲಿಲ್ಲ ನೋಡಿ. ಪ್ರೋಗ್ರೆಸ್ ಕಾರ್ಡಿನಲ್ಲಿ 'ಪಠ್ಯೇತರ ಚಟುವಟಿಕೆ' ಎಂಬಲ್ಲಿ 'ಟ್ರೇನು' ಎಂದು ಬರೆದೆ. ಟೀಚರ್ ಅದನ್ನು 'ಟ್ರೇನಿಂಗ್' ಎಂದು ತಿದ್ದಿ ಸಹಿ ಹಾಕಿದರು.

ನವೆಂಬರ್ 1ರಂದು ಮಾತ್ರ ನನಗೆ ಭಾರಿ ಬೇಡಿಕೆ. ಬೆಳಗಿನ ಕಾರ್ಯಕ್ರಮ, ರೈಲಿನ ತಂಟೆಯಿಲ್ಲ. ಮೇಲಾಗಿ ಚೀಟಿ ನೋಡದೆ ಕನ್ನಡ ಹಾಡುವವನು ಆಂಧ್ರದಿಂದ ಬರುವ ಈ ಹುಡುಗನೇ! 1956ರಲ್ಲಿ ಅದೇ ದಿನ ಹೈದರಾಬಾದ್ ರಾಜ್ಯ ಪಾಲಾಗಿ ರಾಯಚೂರು ಮೈಸೂರಿಗೆ ಬಂತು. ಅಲ್ಲಿಯವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದ ಗದ್ವಾಲ, ಹೊಳೆದಂಡೆಯ ನಾವು, ಎಲ್ಲ ಆಂಧ್ರಕ್ಕೆ. ಏಕೀಕರಣದ ಹಾಡು ಹೇಳಿ ಊರಿಗೆ ಬಂದರೆ ಇಲ್ಲಿ ಆಂಧ್ರ ಅವತರಣದ ಮಿಠಾಯಿ. ಎರಡೂ ರಾಜ್ಯದ ಲಾಡು ತಿಂದವನು ಇಡೀ ಕ್ಲಾಸಿನಲ್ಲಿ ನಾನೊಬ್ಬನೇ. ಆಮೇಲೆ 2014ರಲ್ಲಿ ತೆಲಂಗಾಣ, 2019ರಲ್ಲಿ ನಾರಾಯಣಪೇಟೆ ಜಿಲ್ಲೆ. ಮನೆ ಮಾತ್ರ ಇದ್ದಲ್ಲೇ ಇದೆ.

ಕೊನೆಗೆ ಕ್ಲಬ್ಬಿನ ಬಾಗಿಲು ತೆರೆಸಿದ್ದು ತಾತನ ಕರಿ ಕಂಬಳಿ. ಕ್ರಿಸ್‌ಮಸ್ ನಾಟಕಕ್ಕೆ ಡ್ರಾಮಾ ಕ್ಲಬ್ಬಿನವರಿಗೆ ಕುರಿ ಕಾಯುವವರು ಬೇಕಿದ್ದರು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಜೀವಂತ ಎತ್ತು, ಕತ್ತೆಯನ್ನೇ ತಂದು ಗೋದಲಿ ಕಟ್ಟಿದ್ದನಂತೆ. ನಮ್ಮ ಸಿಸ್ಟರಿಗೆ ಅಷ್ಟು ಜಾಗವಿರಲಿಲ್ಲ. "ನೀ ರಿಹರ್ಸಲ್‌ಗೆ ಬರಬ್ಯಾಡ, ಕಂಬಳಿ ಬಂದ್ರ ಸಾಕು" ಎಂದರು. ಉಳಿದ ಕುರಿಗಾಹಿಗಳು ಟರ್ಕಿ ಟವೆಲ್ಲು ಹೊದ್ದಿದ್ದರೆ ನನ್ನ ಮೈಮೇಲೆ ಅಪ್ಪಟ ಉಣ್ಣೆ: ನಾಲ್ಕು ಮಳೆಗಾಲ ತೊಯ್ದದ್ದು, ಅಂಚಿನಲ್ಲಿ ಬೀಡಿ ಸುಟ್ಟ ತೂತು, ಕುರಿಯ ವಾಸನೆ ಇಡಿಯಾಗಿ. ದೇವದೂತಳಾಗಿ ಬಂದವಳು ಅದೇ ಸರ್ವ ಸೆಕ್ರೆಟರಿ. ರೆಕ್ಕೆ ಬಿಚ್ಚಿ "ಹೆದರಬೇಡಿರಿ" ಎನ್ನಲು ಬಾಯಿ ತೆರೆದವಳು ಸೀನಿದಳು. ಮತ್ತೆ ತೆರೆದಳು, ಮತ್ತೆ ಸೀನು. ಮೂರನೆಯ ಸೀನಿಗೆ ರೆಕ್ಕೆಯೊಂದು ಕಳಚಿ ಬಾಲಯೇಸುವಿನ ಮೇಲೆ ಬಿತ್ತು. ಸಿಸ್ಟರ್ ಪರದೆ ಎಳೆಸಿದರು. ಸಭೆಯ ಚಪ್ಪಾಳೆ ಅದಕ್ಕಾದರೂ ನಾನು ಬಗ್ಗಿ ನಮಸ್ಕರಿಸಿದೆ.

ಈಗಲೂ ನಮ್ಮ ಕಡೆಯ ಹುಡುಗರು ಬೆಳಿಗ್ಗೆ ಸೇತುವೆ ದಾಟಿ ಹೋಗಿ ಸಂಜೆಯ ಗಾಡಿಗೆ ಓಡುತ್ತಾರೆ. ಕಾನ್ವೆಂಟಿನವರಲ್ಲಿ ಒಂದೇ ಬಿನ್ನಹ: ಕ್ಲಬ್ಬನ್ನು ಊಟದ ಬಿಡುವಿಗೆ ಇಟ್ಟುಕೊಳ್ಳಿ. ಕಂಬಳಿ ನಾವೇ ತರುತ್ತೇವೆ.